ಓದುಗರ ಪ್ರಶ್ನೆ: ಮೂರೇ ದಿನದಲ್ಲಿ ಅಂಗೀಕಾರವಾಗುವ ಸಂಶೋಧನೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ವೈದ್ಯಕೀಯ ಸಂಶೋಧನಾ ಪ್ರಬಂಧಗಳ ಪ್ರಕಟಣೆಯನ್ನು ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಐದಕ್ಕೆ ಇಳಿಸಿಕೊಂಡಿದ್ದೇನೆ.

ನಾನು ಎಂ.ಡಿ. ಎರಡನೆಯ ವರ್ಷದಲ್ಲಿದ್ದೇನೆ. ನನ್ನ ಥೀಸಿಸ್‌ನ ಒಂದು ಭಾಗವನ್ನು ಪ್ರಬಂಧವಾಗಿ ಪ್ರಕಟಿಸುವ ಯೋಚನೆಯಲ್ಲಿದ್ದಾಗ ಒಂದು ಜರ್ನಲ್‌ನಿಂದ ಇಮೇಲ್ ಬಂತು. ‘ಗೌರವಾನ್ವಿತ ಪ್ರೊಫೆಸರ್’ ಎಂದು ಆರಂಭಿಸಿ, ಮೂರು ದಿನದಲ್ಲಿ ಅಂಗೀಕಾರ, ಹತ್ತು ದಿನದಲ್ಲಿ ಪ್ರಕಟಣೆ, ಶುಲ್ಕ ಆರು ಸಾವಿರ ರೂಪಾಯಿ ಎಂದಿದ್ದಾರೆ. ಐಎಸ್‌ಎಸ್‌ಎನ್ ಸಂಖ್ಯೆಯೂ ಇದೆ. ಕಳುಹಿಸಬಹುದೇ?
– ಪಿ.ಜಿ. ವಿದ್ಯಾರ್ಥಿನಿ, ದಾವಣಗೆರೆ

ಕಳುಹಿಸಬೇಡಿ. ಎರಡನೆಯ ವರ್ಷದ ವಿದ್ಯಾರ್ಥಿನಿಯನ್ನು ಪ್ರೊಫೆಸರ್ ಎಂದು ಕರೆದವರಿಗೆ ತಾವು ಯಾರಿಗೆ ಬರೆಯುತ್ತಿದ್ದೇವೆಂಬುದೇ ಗೊತ್ತಿಲ್ಲ. ಅವರು ನಿಮ್ಮ ಪ್ರಬಂಧವನ್ನು ಓದಿ ತೂಗಿ ನೋಡುತ್ತಾರೆಂದು ನಂಬುವುದು ಹೇಗೆ? ಐಎಸ್‌ಎಸ್‌ಎನ್ ಎಂಬುದು ವಾಹನದ ನೋಂದಣಿ ಸಂಖ್ಯೆಯಿದ್ದಂತೆ. ಗಾಡಿ ಯಾವುದೆಂದು ಅದು ಹೇಳುತ್ತದೆ, ಓಡಿಸುವವರಿಗೆ ಓಡಿಸಲು ಬರುತ್ತದೆಯೇ ಎಂಬುದನ್ನು ಹೇಳುವುದಿಲ್ಲ.

ಒಳ್ಳೆಯ ಜರ್ನಲ್ ತನಗೆ ಬಂದ ಪ್ರಬಂಧವನ್ನು ಅದೇ ವಿಷಯದಲ್ಲಿ ಕೆಲಸ ಮಾಡುವ ಇಬ್ಬರು ಮೂವರು ತಜ್ಞರಿಗೆ ಕಳುಹಿಸಿ, ಅವರ ಆಕ್ಷೇಪಣೆಗಳನ್ನು ಲೇಖಕರ ಮುಂದಿಟ್ಟು, ತಿದ್ದಿಸಿ, ಆಮೇಲೆ ನಿರ್ಧಾರ ಮಾಡುತ್ತದೆ. ಇದಕ್ಕೆ ವಾರಗಳಲ್ಲ, ಎಷ್ಟೋ ಸಲ ತಿಂಗಳುಗಳೇ ಹಿಡಿಯುತ್ತವೆ. ಈ ಹಂತವನ್ನು ಹಾರಿಸಿ ಶುಲ್ಕವನ್ನು ಮಾತ್ರ ವಸೂಲು ಮಾಡುವ ಪ್ರಕಾಶಕರನ್ನು ‘ಪರಭಕ್ಷಕರು’ ಎಂದು ಕರೆದವರು ಕೊಲೊರಾಡೊ ವಿಶ್ವವಿದ್ಯಾಲಯದ ಗ್ರಂಥಪಾಲಕ ಜೆಫ್ರಿ ಬೀಲ್. 2013ರಲ್ಲಿ ‘ಸೈನ್ಸ್’ ಪತ್ರಿಕೆಯ ವರದಿಗಾರ ಜಾನ್ ಬೊಹಾನನ್, ಕಲ್ಲುಹೂವಿನಿಂದ ತೆಗೆದ ರಾಸಾಯನಿಕವೊಂದು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆಂಬ ಕಪೋಲಕಲ್ಪಿತ ಪ್ರಬಂಧವನ್ನು, ಯಾವ ತಜ್ಞರ ಕಣ್ಣಿಗೂ ಬೀಳಬೇಕಾದ ತಪ್ಪುಗಳನ್ನು ಬೇಕೆಂದೇ ತುಂಬಿ, 304 ಮುಕ್ತ ಪ್ರವೇಶದ ಜರ್ನಲ್‌ಗಳಿಗೆ ಕಳುಹಿಸಿದರು. 157 ಜರ್ನಲ್‌ಗಳು ಅದನ್ನು ಒಪ್ಪಿಕೊಂಡವು. ಈ ದಂಧೆ ನಮ್ಮಿಂದ ದೂರದ್ದೇನಲ್ಲ: ಹೈದರಾಬಾದ್ ಮೂಲದ ಒಮಿಕ್ಸ್ ಸಂಸ್ಥೆ ತನ್ನ ತಜ್ಞ ಪರಿಶೀಲನೆಯ ಬಗ್ಗೆ ಲೇಖಕರನ್ನು ದಾರಿ ತಪ್ಪಿಸಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ದಾವೆಯಲ್ಲಿ ಅಲ್ಲಿನ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರಿಗೂ ಹೆಚ್ಚಿನ ಮೊತ್ತ ಕಟ್ಟುವಂತೆ ಆದೇಶಿಸಿತು.

ಶುಲ್ಕ ಕೇಳಿದವರೆಲ್ಲ ಮೋಸಗಾರರೆಂದು ಮಾತ್ರ ತಿಳಿಯಬೇಡಿ. ಓದುಗರಿಗೆ ಉಚಿತವಾಗಿ ಕೊಡುವ ಪ್ರತಿಷ್ಠಿತ ಜರ್ನಲ್‌ಗಳು ಲೇಖಕರಿಂದ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಣ ಪಡೆಯುತ್ತವೆ. ನೋಡಬೇಕಾದದ್ದು ಬೇರೆ. ಸಂಪಾದಕ ಮಂಡಳಿಯಲ್ಲಿರುವವರ ಕಾಲೇಜಿನ ಪುಟಕ್ಕೆ ಹೋಗಿ, ಅವರು ಅಲ್ಲಿ ನಿಜಕ್ಕೂ ಇದ್ದಾರೆಯೇ ನೋಡಿ. ‘ಮೆಡ್‌ಲೈನ್‌ನಲ್ಲಿ ಸೂಚಿತ’ (ವೈದ್ಯಕೀಯ ಪ್ರಬಂಧಗಳ ಆಯ್ದ ಸೂಚಿಯಲ್ಲಿ ಸೇರಿದ್ದು) ಎಂದು ಜರ್ನಲ್ ಹೇಳಿಕೊಂಡರೆ ಅದರ ಮಾತನ್ನು ನಂಬದೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಜಾಲತಾಣದಲ್ಲಿಯೇ ಹುಡುಕಿ. ಗೂಗಲ್ ಸ್ಕಾಲರ್‌ನಲ್ಲಿ ಕಾಣಿಸುವುದು ಮಾನ್ಯತೆಯಲ್ಲ. ಕೆಲವು ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕೇರ್ ಎಂಬ ಮಾನ್ಯ ಜರ್ನಲ್‌ಗಳ ಪಟ್ಟಿಯನ್ನು ನೋಡಿ ನಿಶ್ಚಿಂತೆಯಿಂದಿರಬಹುದಿತ್ತು. 2025ರಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟು, ಜರ್ನಲ್ ಆರಿಸುವ ಹೊಣೆಯನ್ನು ವಿಶ್ವವಿದ್ಯಾಲಯಗಳಿಗೂ ಅಧ್ಯಾಪಕರಿಗೂ ಬಿಡಲಾಗಿದೆ. ಹಾಗಾಗಿ ನಿಮ್ಮ ಕಾಲೇಜಿನ ಗ್ರಂಥಪಾಲಕರನ್ನು ಒಮ್ಮೆ ಕೇಳಿ. ಅವರನ್ನು ಪುಸ್ತಕ ಹಿಂದಿರುಗಿಸಲು ಮಾತ್ರ ಕಾಣುವ ಅಭ್ಯಾಸ ನಮ್ಮಲ್ಲಿದೆ.

ಇನ್ನೊಂದು ಮಾತು. ಅಂಥ ಜರ್ನಲ್‌ನಲ್ಲಿ ಒಮ್ಮೆ ಪ್ರಕಟವಾದರೆ ಅದೇ ಕೆಲಸವನ್ನು ಇನ್ನೊಂದು ಕಡೆಗೆ ಕಳುಹಿಸುವಂತಿಲ್ಲ, ಹಿಂತೆಗೆದುಕೊಳ್ಳಲು ಹೊರಟವರಿಂದಲೂ ಹಣ ಕೇಳುವವರಿದ್ದಾರೆ. ನಿಮ್ಮ ಥೀಸಿಸ್‌ಗಾಗಿ ಸಮ್ಮತಿಪತ್ರಕ್ಕೆ ಸಹಿ ಹಾಕಿ ರಕ್ತ ಕೊಟ್ಟ ರೋಗಿಗಳಿದ್ದಾರಲ್ಲ, ಅವರ ಕೊಡುಗೆ ಯಾರೂ ಓದದ, ಯಾರೂ ನಂಬದ ಒಂದು ಪುಟದಲ್ಲಿ ಮುಗಿದುಹೋಗುತ್ತದೆ.

ಕೊರೊನಾ ಕಾಲದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಅಪಾಯಕಾರಿ ಎಂದು ಪ್ರಸಿದ್ಧ ‘ಲ್ಯಾನ್ಸೆಟ್’ನಲ್ಲಿ ಪ್ರಬಂಧ ಬಂತು, ಎರಡೇ ವಾರದಲ್ಲಿ ಅದನ್ನು ಹಿಂಪಡೆದರು. ಅಷ್ಟು ದೊಡ್ಡ ಪತ್ರಿಕೆಯೇ ಹೀಗೆ ಮಾಡಿದರೆ ನಾವು ಏನನ್ನು ನಂಬಬೇಕು?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಆ ಎರಡು ವಾರಗಳಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡೋಣ. 2020ರ ಮೇ 22ರಂದು ಪ್ರಕಟವಾದ ಆ ಪ್ರಬಂಧ, 671 ಆಸ್ಪತ್ರೆಗಳ 96,032 ರೋಗಿಗಳ ದಾಖಲೆಗಳನ್ನು ಆಧರಿಸಿದ್ದೆಂದು ಹೇಳಿಕೊಂಡಿತ್ತು. ದಾಖಲೆಗಳನ್ನು ಒದಗಿಸಿದ್ದು ಅಮೆರಿಕದ ಸರ್ಜಿಸ್ಫಿಯರ್ ಎಂಬ ಸಣ್ಣ ಕಂಪನಿ. ಪ್ರಬಂಧ ಬಂದ ಮೂರೇ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆ ಔಷಧದ ಪ್ರಯೋಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆದರೆ ಓದಿದವರು ಸುಮ್ಮನಿರಲಿಲ್ಲ. ಆಸ್ಟ್ರೇಲಿಯಾದ ಐದು ಆಸ್ಪತ್ರೆಗಳಲ್ಲಿ ಏಪ್ರಿಲ್ 21ರ ವೇಳೆಗೆ 73 ಮಂದಿ ಸತ್ತರೆಂದು ಪ್ರಬಂಧದಲ್ಲಿತ್ತು. ಆ ದಿನಕ್ಕೆ ಇಡೀ ದೇಶದಲ್ಲಿ ದಾಖಲಾಗಿದ್ದ ಕೋವಿಡ್ ಸಾವುಗಳೇ 67. ನೂರಕ್ಕೂ ಹೆಚ್ಚು ವಿಜ್ಞಾನಿಗಳು ಬಹಿರಂಗ ಪತ್ರ ಬರೆದರು. ಮೂಲ ದಾಖಲೆಗಳನ್ನು ಸ್ವತಂತ್ರ ಪರಿಶೀಲಕರಿಗೆ ತೋರಿಸಲು ಕಂಪನಿ ಒಪ್ಪಲಿಲ್ಲ. ಜೂನ್ 4ರಂದು, ನಾಲ್ವರು ಲೇಖಕರಲ್ಲಿ ಮೂವರು ಪ್ರಬಂಧವನ್ನು ಹಿಂಪಡೆದರು.

ಇದರಲ್ಲಿ ಪತ್ರಿಕೆಯ ತಪ್ಪಿಲ್ಲವೇ? ಖಂಡಿತ ಇದೆ. ಪರಿಶೀಲಿಸಿದ ತಜ್ಞರು ಪ್ರಬಂಧವನ್ನು ಓದಿದರು, ದಾಖಲೆಗಳನ್ನು ನೋಡಲಿಲ್ಲ. ಸಾಮಾನ್ಯವಾಗಿ ನೋಡುವ ಪದ್ಧತಿಯೂ ಇಲ್ಲ. ತಜ್ಞ ಪರಿಶೀಲನೆ ಲೆಕ್ಕ ತಪ್ಪಿದವರನ್ನು ಹಿಡಿಯಬಲ್ಲದು, ಲೆಕ್ಕದ ಪುಸ್ತಕವನ್ನೇ ಕಲ್ಪಿಸಿಕೊಂಡವರ ಮುಂದೆ ಅದು ಬಹುಮಟ್ಟಿಗೆ ಅಸಹಾಯಕ. ಆದರೂ ಈ ಪ್ರಕರಣವನ್ನು ಅದೇ ಪತ್ರಿಕೆಯ ಇನ್ನೊಂದರ ಪಕ್ಕದಲ್ಲಿಟ್ಟು ನೋಡಿ. ದಡಾರ, ಮಂಗಬಾವು, ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸಿದ ಆಂಡ್ರ್ಯೂ ವೇಕ್‌ಫೀಲ್ಡ್‌ರ ಪ್ರಬಂಧ, ಕೇವಲ 12 ಮಕ್ಕಳನ್ನು ಆಧರಿಸಿದ್ದು, 1998ರಲ್ಲಿ ಪ್ರಕಟವಾಯಿತು, ಹಿಂಪಡೆದದ್ದು 2010ರಲ್ಲಿ. ಆ ಹನ್ನೆರಡು ವರ್ಷಗಳಲ್ಲಿ ಹಬ್ಬಿದ ಲಸಿಕೆಯ ಭಯ ಇಂದಿಗೂ ಕೆಲವು ತಾಯ್ತಂದೆಯರನ್ನು ಬಿಟ್ಟಿಲ್ಲ. ನನಗೆ ಹದಿಮೂರು ದಿನದಲ್ಲಿ ಹಿಂಪಡೆದದ್ದಕ್ಕಿಂತ ಈ ಹನ್ನೆರಡು ವರ್ಷದ ವಿಳಂಬವೇ ಹೆಚ್ಚು ಕಳವಳ ಹುಟ್ಟಿಸುತ್ತದೆ.

ನಿಮ್ಮ ಪತ್ರದ ಧ್ವನಿಯಲ್ಲಿ ಇನ್ನೊಂದು ಅರ್ಥವೂ ಕೇಳಿಸಿತು: ಪ್ರಬಂಧ ಸುಳ್ಳಾದ ಮೇಲೆ ಔಷಧ ಒಳ್ಳೆಯದೇ ಇದ್ದಿರಬೇಕು ಎಂಬುದು. ಹಾಗಾಗಲಿಲ್ಲ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಚೀಟಿ ಎತ್ತಿದಂತೆ ರೋಗಿಗಳನ್ನು ವಿಂಗಡಿಸಿ, 1,561 ಮಂದಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟು, 3,155 ಮಂದಿಗೆ ಎಂದಿನ ಚಿಕಿತ್ಸೆಯನ್ನಷ್ಟೇ ಮುಂದುವರಿಸಿ ಹೋಲಿಸಿದರು. 28 ದಿನಗಳಲ್ಲಿ ಮೊದಲ ಗುಂಪಿನಲ್ಲಿ ಶೇ. 27, ಎರಡನೆಯದರಲ್ಲಿ ಶೇ. 25 ಮಂದಿ ತೀರಿಕೊಂಡಿದ್ದರು, ಔಷಧದಿಂದ ಲಾಭವಾಗಿರಲಿಲ್ಲ. ಆ ಮಾರ್ಚ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆರೋಗ್ಯ ಸಿಬ್ಬಂದಿಗೆ ಮುಂಜಾಗ್ರತೆಯಾಗಿ ಸೂಚಿಸಿದ್ದ ಈ ಮಾತ್ರೆಯನ್ನು ವಾರವಾರ ನುಂಗಿದವರಲ್ಲಿ ನಾನೂ ಒಬ್ಬ.

ಇಂಪ್ಯಾಕ್ಟ್ ಫ್ಯಾಕ್ಟರ್ ಹೆಚ್ಚಿದ್ದರೆ ಪ್ರಬಂಧ ಉತ್ತಮವೆಂದು ತಿಳಿಯಬಹುದೇ?
– ಉಪನ್ಯಾಸಕ, ಕಲಬುರಗಿ

ಇಲ್ಲ. 2024ರ ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ, 2022 ಮತ್ತು 2023ರಲ್ಲಿ ಆ ಜರ್ನಲ್ ಪ್ರಕಟಿಸಿದ್ದಕ್ಕೆ 2024ರಲ್ಲಿ ಬೇರೆ ಪ್ರಬಂಧಗಳಲ್ಲಿ ಬಂದ ಉಲ್ಲೇಖಗಳನ್ನು ಆ ಎರಡು ವರ್ಷದ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದ ಸರಾಸರಿ. ಅದು ಜರ್ನಲ್‌ನ ಅಂಕಿ, ಪ್ರಬಂಧದ್ದಲ್ಲ. ಊರಿನ ಸರಾಸರಿ ವರಮಾನ ನೋಡಿ ಒಬ್ಬ ರೈತನ ಸಾಲ ಅಳೆಯಲಾದೀತೇ? ವೇಕ್‌ಫೀಲ್ಡ್‌ರ ಪ್ರಬಂಧಕ್ಕೂ ಉಲ್ಲೇಖಗಳ ಕೊರತೆಯಿರಲಿಲ್ಲ.

ನಮ್ಮ ವಿಭಾಗದಲ್ಲಿ ಯಾರು ಪ್ರಬಂಧ ಬರೆದರೂ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಅವರ ಹೆಸರು ಸೇರಿಸುವುದು ರೂಢಿ. ಅವರು ಕರಡನ್ನು ತೆರೆದೂ ನೋಡಿರುವುದಿಲ್ಲ. ಬೇಡವೆನ್ನಲು ನನಗೆ ಧೈರ್ಯವಿಲ್ಲ.
– ಸಹಾಯಕ ಪ್ರಾಧ್ಯಾಪಕಿ, ಹೆಸರು ಊರು ಬೇಡ

ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಂತೆ ಲೇಖಕರೆನಿಸಲು ನಾಲ್ಕೂ ಕೂಡಿ ಬರಬೇಕು: ಅಧ್ಯಯನದ ಯೋಜನೆಯಲ್ಲಿಯೋ ಮಾಹಿತಿ ಸಂಗ್ರಹ, ವಿಶ್ಲೇಷಣೆಯಲ್ಲಿಯೋ ಗಣನೀಯ ಪಾಲು, ಬರೆಯುವುದು ಅಥವಾ ವಿಮರ್ಶಾತ್ಮಕವಾಗಿ ತಿದ್ದುವುದು, ಕೊನೆಯ ಪ್ರತಿಗೆ ಒಪ್ಪಿಗೆ, ಮತ್ತು ಇಡೀ ಕೆಲಸಕ್ಕೆ ಉತ್ತರದಾಯಿಯಾಗಿರುವುದು. ಅನುಮತಿ ಕೊಟ್ಟವರಿಗೆ, ಅನುದಾನ ತಂದುಕೊಟ್ಟವರಿಗೆ ಸಲ್ಲಬೇಕಾದದ್ದು ಕೃತಜ್ಞತೆಯ ಸಾಲು.

ನಿಯಮ ಹೇಳುವುದು ಸುಲಭ, ನಾಳೆ ಅದೇ ವಿಭಾಗಕ್ಕೆ ಹೋಗಬೇಕಾದವರು ನೀವು. ಆದ್ದರಿಂದ ಬೇಡವೆನ್ನುವ ಬದಲು ಕೆಲಸ ಕೊಡಿ. ಅಧ್ಯಯನ ಶುರುವಾಗುವ ಮೊದಲೇ ಯಾರ ಪಾಲು ಏನೆಂದು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಳುಹಿಸಿ. ಕರಡು ಸಿದ್ಧವಾದಾಗ, ‘ಸರ್, ಚರ್ಚೆಯ ಭಾಗವನ್ನು ತಾವು ನೋಡಿ ತಿದ್ದಿಕೊಡಬೇಕು, ಜರ್ನಲ್‌ಗೆ ಪ್ರತಿಯೊಬ್ಬರ ಪಾಲನ್ನು ಬರೆದುಕೊಡಬೇಕಾಗಿದೆ’ ಎಂದು ಕೇಳಿ. ಹಲವು ಜರ್ನಲ್‌ಗಳು ಈ ವಿವರವನ್ನು ನಿಜವಾಗಿಯೂ ಕೇಳುತ್ತವೆ. ಅವರು ಓದಿ ತಿದ್ದಿದರೆ ಪ್ರಬಂಧ ಉತ್ತಮಗೊಂಡಿತು. ಅಷ್ಟು ಬಿಡುವಿಲ್ಲವೆಂದು ಅವರೇ ಹಿಂದೆ ಸರಿದರೆ ನೀವು ಏನನ್ನೂ ಹೇಳಬೇಕಾಗಲಿಲ್ಲ. ಸರ್ಜಿಸ್ಫಿಯರ್ ಪ್ರಕರಣವನ್ನು ಮಾತಿನ ನಡುವೆ ಪ್ರಸ್ತಾಪಿಸಿದರೂ ತಪ್ಪಿಲ್ಲ. ಮೂಲ ದಾಖಲೆ ನೋಡದೆ ಹೆಸರು ಹಾಕಿಸಿಕೊಂಡಿದ್ದ ಹಿರಿಯ ವೈದ್ಯರೇ ಅಲ್ಲಿ ಜಗತ್ತಿನ ಮುಂದೆ ಕ್ಷಮೆ ಕೇಳಬೇಕಾಯಿತು.

ನನ್ನ ಪತ್ನಿಗೆ ಸಂಧಿವಾತ. ಅವಳಿಗೆ ಕೊಟ್ಟಿರುವ ಔಷಧದ ಬಗ್ಗೆ ಒಂದು ಪ್ರಬಂಧ ಓದಲು ಹೋದರೆ ನೂರು ಪದಗಳ ಸಾರಾಂಶ ತೋರಿಸಿ, ಉಳಿದದ್ದಕ್ಕೆ ಡಾಲರ್‌ಗಳಲ್ಲಿ ಹಣ ಕೇಳುತ್ತಾರೆ. ನಮ್ಮಂಥವರಿಗೆ ದಾರಿಯಿಲ್ಲವೇ?
– ನಿವೃತ್ತ ಶಿಕ್ಷಕ, ಶಿರಸಿ

ಇದೆ. ಮೊದಲು ವೈದ್ಯಕೀಯ ಪ್ರಬಂಧಗಳ ಉಚಿತ ಹುಡುಕುತಾಣವಾದ ಪಬ್‌ಮೆಡ್‌ನಲ್ಲಿ ಅದೇ ಶೀರ್ಷಿಕೆ ಹುಡುಕಿ. ಪಕ್ಕದಲ್ಲಿ ಪಬ್‌ಮೆಡ್ ಸೆಂಟ್ರಲ್‌ನ ಕೊಂಡಿಯಿದ್ದರೆ ಪೂರ್ಣ ಪಠ್ಯ ಉಚಿತ. ನಮ್ಮ ದೇಶದ್ದೇ ಆದ ಹಲವು ಜರ್ನಲ್‌ಗಳು, ಐಸಿಎಂಆರ್‌ನ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಸೇರಿದಂತೆ, ಎಲ್ಲರಿಗೂ ತೆರೆದಿವೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ದೇಶ, ಒಂದು ಚಂದಾ’ ಯೋಜನೆಯಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಕೊಟ್ಟು, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಒದಗಿಸಲಾಗುತ್ತಿದೆ. ಮನೆಯಲ್ಲಿ ಕುಳಿತ ನಿಮಗೆ ಅದು ನೇರವಾಗಿ ಸಿಗುವುದಿಲ್ಲ, ತೆರಿಗೆ ಮಾತ್ರ ನಿಮ್ಮದೂ ಸೇರಿದೆ. ಸರ್ಕಾರಿ ಕಾಲೇಜಿನಲ್ಲಿ ಓದುವ ಅಥವಾ ಪಾಠ ಹೇಳುವ ನಿಮ್ಮ ಹಳೆಯ ಶಿಷ್ಯರು ಯಾರಾದರೂ ಇದ್ದೇ ಇರುತ್ತಾರೆ, ಅವರನ್ನು ವಿಚಾರಿಸಿ.

ಓದಿದ ಮೇಲೆ ಮಾತ್ರೆಯನ್ನು ನೀವಾಗಿಯೇ ಹೆಚ್ಚು ಕಡಿಮೆ ಮಾಡದೆ, ಸಂಶಯ ಬಂದ ಸಾಲಿಗೆ ಗೆರೆ ಎಳೆದು ವೈದ್ಯರಿಗೆ ತೋರಿಸಿ. ಇದ್ಯಾವುದೂ ಆಗದಿದ್ದರೆ, ಸಾರಾಂಶದ ಪುಟದಲ್ಲಿ ಸಾಮಾನ್ಯವಾಗಿ ಒಬ್ಬ ಲೇಖಕರ ಇಮೇಲ್ ವಿಳಾಸ ಇರುತ್ತದೆ, ಅವರಿಗೇ ಎರಡು ಸಾಲು ಬರೆದು ಪ್ರತಿ ಕೇಳಿ. ನನ್ನ ಪ್ರಬಂಧವೊಂದನ್ನು ಹೀಗೆ ಕೇಳಿ ಪಡೆದವರು ಈವರೆಗೆ ಇಬ್ಬರೇ, ಇಬ್ಬರಿಗೂ ಅದೇ ಸಂಜೆ ಕಳುಹಿಸಿದ್ದೆ.