ಡ್ರೈಯರ್ ತಿರುಗುತ್ತದೆ, ಬಟ್ಟೆ ಮಾತ್ರ ಒಣಗುವುದಿಲ್ಲ

ಮಳೆ ಹಿಡಿದ ಮೇಲೆ ನನಗೆ ಬರುವ ಪ್ರಶ್ನೆಗಳಲ್ಲಿ ಬಟ್ಟೆ ಒಣಗಿಸುವ ಮೆಷಿನ್ನಿನವೇ ಜಾಸ್ತಿ. ಹಿಂದೆ ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು. ಶಾಲೆಗೆ ಹಾಕಿಕೊಂಡು ಹೋದ ಅಂಗಿಯಲ್ಲಿ ಹೊಗೆ ವಾಸನೆ ಇರುತ್ತಿತ್ತು. ಒಲೆ ಮೇಲೆ ಬಟ್ಟೆ ಇದ್ದಷ್ಟು ಹೊತ್ತೂ ಮನೆಯವರು ಯಾರಾದರೂ ಅದರ ಮೇಲೊಂದು ಕಣ್ಣಿಟ್ಟಿರುತ್ತಿದ್ದರು. ಡ್ರೈಯರ್ ಕೂಡ ಆ ಒಂದು ಕಣ್ಣನ್ನು ಬೇಡುತ್ತದೆ.

ಪ್ರಶ್ನೆ: ನಮ್ಮದು ಐದು ವರ್ಷದ ಡ್ರೈಯರ್. ಮೊದಲು ಒಂದು ಗಂಟೆಯಲ್ಲಿ ಒಣಗುತ್ತಿದ್ದ ಬಟ್ಟೆಗೆ ಈಗ ಎರಡೂವರೆ ಗಂಟೆ ಬೇಕು. ಕಳೆದ ವರ್ಷ ಬಿಸಿಯೇ ಬರದೆ ಮೆಕ್ಯಾನಿಕ್ ಒಬ್ಬರು ಫ್ಯೂಸ್ ತೆಗೆದು ‘ಡೈರೆಕ್ಟ್’ ಮಾಡಿಕೊಟ್ಟರು. ಈಚೆಗೆ ಸ್ವಲ್ಪ ಸುಟ್ಟ ವಾಸನೆ ಬರುತ್ತಿದೆ. ಹೀಟರ್ ಬದಲಿಸಬೇಕೇ? (ಸಾಗರದ ಓದುಗರೊಬ್ಬರು)

ಹೀಟರ್ ವಿಷಯ ಆಮೇಲೆ. ಮೊದಲು ಪ್ಲಗ್ ಕಿತ್ತಿಡಿ. ಡೈರೆಕ್ಟ್ ಮಾಡಿದ್ದನ್ನು ಸರಿಪಡಿಸುವ ತನಕ ಆ ಮೆಷಿನ್ ಹಾಕಲೇಬೇಡಿ. ಇದನ್ನು ಹೆದರಿಸಲು ಹೇಳುತ್ತಿಲ್ಲ. ನೀವು ಬರೆದ ಮೂರೂ ಮಾತು ಒಂದೇ ಕಡೆ ಬೆರಳು ತೋರಿಸುತ್ತಿವೆ.

ಡ್ರೈಯರ್ ಕೆಲಸ ಮಾಡುವುದು ಬಿಸಿಯಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧ ಕೆಲಸ ಗಾಳಿಯದು. ಕೋಣೆಯ ಗಾಳಿ ಹೀಟರ್ ದಾಟಿ ಬಿಸಿಯಾಗಿ ಡ್ರಮ್ಮಿಗೆ ಹೋಗುತ್ತದೆ, ಬಟ್ಟೆಯ ತೇವ ಹೀರಿಕೊಳ್ಳುತ್ತದೆ, ಜಾಲರಿ ದಾಟಿ ಪೈಪಿನಿಂದ ಹೊರಗೆ ಬೀಳುತ್ತದೆ. ಈ ದಾರಿಯಲ್ಲಿ ಎಲ್ಲಾದರೂ ನೂಲಿನ ಜುಂಗು, ಅಂದರೆ ಲಿಂಟ್, ಕಟ್ಟಿಕೊಂಡರೆ ತೇವ ಒಳಗೇ ಉಳಿಯುತ್ತದೆ. ಬಟ್ಟೆ ಒಣಗುವುದಿಲ್ಲ. ಹೀಟರಿನ ಬಿಸಿಯೂ ಮುಂದೆ ಹೋಗದೆ ಅಲ್ಲೇ ಏರುತ್ತದೆ. ಆಗ ಥರ್ಮಲ್ ಫ್ಯೂಸ್, ಅಂದರೆ ಬಿಸಿ ಮಿತಿ ಮೀರಿದರೆ ಕರೆಂಟ್ ಕಡಿಯುವ ಫ್ಯೂಸ್, ಹಾರುತ್ತದೆ. ಬೆರಳಿನಷ್ಟು ಚಿಕ್ಕ ಭಾಗ ಅದು. ಹೆಚ್ಚಿನ ಮೆಷಿನ್ನುಗಳಲ್ಲಿ ಒಮ್ಮೆ ಹೋದರೆ ಹೋಯಿತು, ಹೊಸದೇ ಹಾಕಬೇಕು. ಕೆಲವದರಲ್ಲಿ ಮಾತ್ರ ಒತ್ತಿ ಕೂರಿಸುವ ಗುಂಡಿ ಇರುತ್ತದೆ. ಕಳೆದ ವರ್ಷ ನಿಮ್ಮ ಮನೆಯಲ್ಲಿ ಆ ಫ್ಯೂಸ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಯಾಕೆ ಹಾರಿತು ಅಂತ ನೋಡದೆ ಎರಡು ವೈರ್ ಸೇರಿಸಿ ಕಟ್ಟಿದ್ದು ತಪ್ಪು. ‘ಡೈರೆಕ್ಟ್’ ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಹಾಗೆ ಮಾಡಿದ ಒಂದು ಮೆಷಿನ್ನಿನ ಹಿಂದಿನ ತಗಡು ನಾನೇ ಬಿಚ್ಚಿದ್ದೆ. ಹೀಟರ್ ಸುತ್ತ ಬೂದು ಬಣ್ಣದ ಜುಂಗು ಕಂಬಳಿಯ ತುಂಡಿನ ಹಾಗೆ ದಪ್ಪಗೆ ಕೂತಿತ್ತು. ಕಾಯಿಲ್ ಕಡೆಗಿದ್ದ ಅಂಚು ದೋಸೆ ಸೀದ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಕೈಯಲ್ಲಿ ಹಿಡಿದರೆ ಪುಡಿಪುಡಿ. ಅದಕ್ಕೆ ಬೆಂಕಿ ಹತ್ತಲು ಇನ್ನೊಂದು ಸುತ್ತು ಸಾಕಿತ್ತು.

ಜಾಲರಿಯಿಂದ ಶುರು ಮಾಡಿ. ಪ್ರತಿ ಸಲ ಬಟ್ಟೆ ತೆಗೆದಾಗಲೂ ಅದನ್ನು ಉಜ್ಜಿ ತೆಗೆಯಬೇಕು, ವಾರಕ್ಕೊಮ್ಮೆ ಅಲ್ಲ. ಉಜ್ಜಿದ ಮೇಲೆ ನಲ್ಲಿ ಕೆಳಗೆ ಹಿಡಿದು ನೋಡಿ. ನೀರು ಸರಾಗವಾಗಿ ಇಳಿದರೆ ಸರಿ. ಬಟ್ಟಲಿನಲ್ಲಿ ನಿಂತ ಹಾಗೆ ಮೇಲೇ ನಿಂತರೆ, ಬಟ್ಟೆ ಮೆದುವಾಗಲು ಹಾಕುವ ಕಂಡೀಷನರ್ ಅದರ ಕಣ್ಣುಗಳ ಮೇಲೆ ಪೊರೆ ಕಟ್ಟಿದೆ ಎಂದರ್ಥ. ಸೋಪಿನ ನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಪೂರ್ತಿ ಒಣಗಿದ ಮೇಲೆ ವಾಪಸ್ ಹಾಕಿ.

ಆಮೇಲೆ ಪೈಪು. ಮೆಷಿನ್ನನ್ನು ಮುಂದೆ ಎಳೆದು ನೋಡಿ, ಗೋಡೆಗೆ ಒತ್ತಿ ಚಪ್ಪಟೆಯಾಗಿದೆಯಾ? ಬಿಚ್ಚಿ, ಅಂಗಳಕ್ಕೆ ತಂದು ಕೊಡವಿ. ಹೊರಗೋಡೆಯ ತುದಿಯನ್ನೂ ಮರೆಯಬೇಡಿ. ನಮ್ಮ ಕಡೆ ತೂತು ಕಂಡಲ್ಲೆಲ್ಲ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ, ಅಲ್ವಾ? ಪೈಪಿನ ಬಾಯಿಯ ಮುಚ್ಚಳ ಅದರಿಂದಲೇ ಅಂಟಿಕೊಂಡಿದ್ದನ್ನು ನೋಡಿದ್ದೇನೆ. ಇಲಿ ಬರುತ್ತದೆ ಅಂತ ಕೆಲವರು ಅಲ್ಲಿಗೆ ಸೊಳ್ಳೆ ಪರದೆಯ ಬಲೆ ಕಟ್ಟುತ್ತಾರೆ. ದಯವಿಟ್ಟು ಬೇಡ, ಜುಂಗು ಅದನ್ನು ಬೇಗ ಮುಚ್ಚಿಬಿಡುತ್ತದೆ. ಗಾಳಿ ಬಂದಾಗ ತೆರೆದು, ನಿಂತಾಗ ಮುಚ್ಚಿಕೊಳ್ಳುವ ಮುಚ್ಚಳ ಹಾಕಿಸಿ. ಪ್ಲಾಸ್ಟಿಕ್ ಪೈಪಿದ್ದರೆ ಲೋಹದ್ದಕ್ಕೆ ಬದಲಿಸಿ. ಪೈಪೇ ಇಲ್ಲದೆ ಬಚ್ಚಲುಮನೆಯೊಳಗೆ ಬಿಟ್ಟುಕೊಂಡಿದ್ದರೆ ಮೆಷಿನ್ ತಾನು ಬಿಟ್ಟ ಒದ್ದೆ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಬೇರೆ.

ಒಳಗಿನ ಜುಂಗು ತೆಗೆಸಲು, ಸರಿಯಾದ ಅಳತೆಯ ಹೊಸ ಫ್ಯೂಸ್ ಹಾಕಿಸಲು ತಿಳಿದವರನ್ನು ಕರೆಯಿರಿ. ಅವರು ಕೆಲಸ ಮಾಡುವಾಗ ಹತ್ತಿರ ನಿಂತು ನೋಡಿ. ವೈರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ ಒಳ್ಳೆಯ ಫ್ಯೂಸ್ ‘ಬೀಪ್’ ಅನ್ನುತ್ತದೆ. 230 ವೋಲ್ಟಿನಲ್ಲಿ 2,000 ವ್ಯಾಟ್ ಕೊಡುವ ಹೀಟರ್ ಸುಮಾರು 26 ಓಮ್ ತೋರಿಸಬೇಕು. ಅಷ್ಟು ತೋರಿಸಿದರೆ ಕಾಯಿಲ್ ತುಂಡಾಗಿಲ್ಲ, ಹೊಸ ಹೀಟರಿಗೆ ದುಡ್ಡು ಸುರಿಯಬೇಡಿ.

ಪ್ರಶ್ನೆ: ಹಗಲು ಚೆನ್ನಾಗಿ ಒಣಗಿಸುವ ಮೆಷಿನ್ ಸಂಜೆ ಏಳರ ಮೇಲೆ ಸೋಮಾರಿಯಾಗುತ್ತದೆ. ಯಾಕೆ? (ಪುತ್ತೂರು)

ವೋಲ್ಟೇಜ್ ನೋಡಿಸಿ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ 2,000 ವ್ಯಾಟ್ ಕೊಡುವ ಹೀಟರ್ 180 ವೋಲ್ಟಿಗೆ ಬಂದರೆ ಕೊಡುವುದು ಸುಮಾರು 1,225 ವ್ಯಾಟ್. ಮೋಟಾರಿಗೂ ಅದು ಒಳ್ಳೆಯದಲ್ಲ. ಮಧ್ಯಾಹ್ನ ಹಾಕಿಕೊಳ್ಳಿ. ಹಾಗೇ ಪ್ಲಗ್ ಕಡೆಗೂ ಒಂದು ಸಲ ನೋಡಿ. ಈ ಮೆಷಿನ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಅದೂ ಒಂದೆರಡು ಗಂಟೆ. ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್ಟೇ ಬೇಕು, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಪಿನ್ನಿನ ಸುತ್ತ ಕಂದು ಕಲೆ ಕಂಡರೆ ಸಾಕೆಟ್ ಬದಲಿಸಿ.

ಪ್ರಶ್ನೆ: ನಾವು ನ್ಯೂ ಜೆರ್ಸಿಯಲ್ಲಿದ್ದೇವೆ. ನಮ್ಮ ಎಲೆಕ್ಟ್ರಿಕ್ ಡ್ರೈಯರ್ ಡ್ರಮ್ ತಿರುಗುತ್ತದೆ, ದೀಪ ಹತ್ತುತ್ತದೆ, ಬಿಸಿ ಮಾತ್ರ ಇಲ್ಲ. ಕರೆಂಟ್ ಇದ್ದೂ ಹೀಗ್ಯಾಕೆ?

ಊರಿನ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಅಲ್ಲಿನ ಡ್ರೈಯರಿಗೆ ಸಾಮಾನ್ಯವಾಗಿ 120 ವೋಲ್ಟಿನ ಎರಡು ಲೈನ್ ಬರುತ್ತವೆ. ಮೋಟಾರು, ದೀಪ ಒಂದೇ ಲೈನಿನಲ್ಲಿ ನಡೆಯುತ್ತವೆ. ಹೀಟರಿಗೆ ಎರಡೂ ಸೇರಿದ 240 ವೋಲ್ಟ್ ಬೇಕು. ಒಂದು ಲೈನ್ ಹೋದರೆ ನೀವು ಬರೆದಂತೆಯೇ ಆಗುತ್ತದೆ. ಪ್ಯಾನೆಲ್ಲಿನಲ್ಲಿ 30 ಆಂಪಿಯರಿನ ಜೋಡಿ ಬ್ರೇಕರ್ ಹುಡುಕಿ. ನೋಡಲು ಆನ್ ಇದ್ದಂತೆ ಕಂಡರೂ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಮತ್ತೆ ಬಿದ್ದರೆ ಅಲ್ಲಿಗೇ ಬಿಟ್ಟು ಎಲೆಕ್ಟ್ರಿಷಿಯನ್ ಕರೆಯಿರಿ. ಬ್ರೇಕರ್ ಸರಿಯಿದ್ದೂ ಬಿಸಿ ಬರದಿದ್ದರೆ ಥರ್ಮಲ್ ಫ್ಯೂಸ್ ಅಥವಾ ಹೀಟರ್. ಆಗ ಸಾಗರದವರಿಗೆ ಹೇಳಿದ್ದೆಲ್ಲ ನಿಮಗೂ ಸೇರುತ್ತದೆ.

ಅಪಾರ್ಟ್‌ಮೆಂಟ್ ಆದರೆ ಪೈಪು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ ತಿಳಿದುಕೊಳ್ಳಿ. ಉದ್ದ ಜಾಸ್ತಿಯಾದಷ್ಟೂ, ತಿರುವು ಹೆಚ್ಚಿದಷ್ಟೂ ಗಾಳಿ ಸೋಲುತ್ತದೆ. 2008ರಿಂದ 2010ರ ನಡುವೆ ಅಮೆರಿಕದ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಅವಘಡಗಳು ನಡೆದವು ಅಂತ ಅಲ್ಲಿನ ಅಗ್ನಿಶಾಮಕ ಆಡಳಿತ ಲೆಕ್ಕ ಹಾಕಿತ್ತು. ಮೊದಲ ಕಾರಣ, ಶುಚಿ ಮಾಡದೇ ಬಿಟ್ಟದ್ದು.

ಪ್ರಶ್ನೆ: ಎರಡು ತಿಂಗಳು ಸುಮ್ನೆ ಇದ್ದ ಮೆಷಿನ್ ಈಗ ‘ದಡ್ ದಡ್’ ಅನ್ನುತ್ತಿದೆ. (ಮಡಿಕೇರಿ)

ಹತ್ತು ನಿಮಿಷದಲ್ಲಿ ಸದ್ದು ಕಡಿಮೆಯಾದರೆ ಚಿಂತೆ ಬೇಡ. ಡ್ರಮ್ಮನ್ನು ಹೊರುವ ರಬ್ಬರ್ ಚಕ್ರಗಳು, ಬೆಲ್ಟು, ಒಂದೇ ಭಂಗಿಯಲ್ಲಿ ಕೂತು ತಟ್ಟಾಗಿರುತ್ತವೆ, ಓಡಿದಂತೆ ಸರಿಹೋಗುತ್ತವೆ. ಕಡಿಮೆಯಾಗದಿದ್ದರೆ ಚಕ್ರ ಸವೆದಿದೆ. ಕೀರಲು ಸದ್ದು ಬಂದರೆ ಬೆಲ್ಟನ್ನು ಬಿಗಿ ಹಿಡಿಯುವ ರಾಟೆ. ಕಟಕಟ ಅಂದರೆ ಬಹುಪಾಲು ಒಂದು ನಾಣ್ಯ ಅಥವಾ ಪಿನ್ನು. ಪ್ಲಗ್ ತೆಗೆದು ಡ್ರಮ್ಮನ್ನು ಕೈಯಿಂದ ತಿರುಗಿಸಿ ನೋಡಿ. ಸ್ವಲ್ಪ ತಡೆ ಇರಬೇಕು. ಬುಗುರಿಯಂತೆ ಸುತ್ತಿದರೆ ಬೆಲ್ಟ್ ಕಡಿದಿದೆ. ಚಕ್ರಕ್ಕೆ ಎಣ್ಣೆ ಬಿಡಬೇಡಿ, ಜುಂಗು ಅದಕ್ಕೇ ಬಂದು ಅಂಟುತ್ತದೆ.

ಪ್ರಶ್ನೆ: ಮಗುವಿನ ಎಣ್ಣೆಸ್ನಾನದ ಟವೆಲ್, ಅಡುಗೆಮನೆಯ ಮಸಿಬಟ್ಟೆ ಡ್ರೈಯರಿಗೆ ಹಾಕಬಹುದೇ? ತೊಳೆದೇ ಹಾಕುತ್ತೇನೆ. (ಕುಮಟಾ)

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞ. ಬೇಡ ತಾಯಿ. ತೊಳೆದರೂ ಎಣ್ಣೆ ಪೂರ್ತಿ ಹೋಗುವುದಿಲ್ಲ. ಮೂಗಿಗೆ ಹಿಡಿದರೆ ಗೊತ್ತಾಗುತ್ತದೆ. ಅಡುಗೆ ಎಣ್ಣೆ ಗಾಳಿಯ ಜೊತೆ ಸೇರಿ ತಾನಾಗೇ ಬಿಸಿಯಾಗುವ ಗುಣದ್ದು. ಡ್ರೈಯರಿನ ಬಿಸಿಯಲ್ಲಿ ಅದು ಇನ್ನೂ ಚುರುಕಾಗುತ್ತದೆ. ಬಿಸಿಬಿಸಿ ಬಟ್ಟೆಯನ್ನು ಬುಟ್ಟಿಯಲ್ಲಿ ರಾಶಿ ಹಾಕಿಟ್ಟರೆ ಆ ಶಾಖ ಹೊರಹೋಗದೆ, ಮೆಷಿನ್ ನಿಂತು ಎಷ್ಟೋ ಹೊತ್ತಾದ ಮೇಲೂ ಹೊಗೆಯಾಡಬಹುದು. ಸೂರ್ಯಕಾಂತಿ, ಶೇಂಗಾ ಎಣ್ಣೆಗೆ ಹೋಲಿಸಿದರೆ ಕೊಬ್ಬರಿ ಎಣ್ಣೆಗೆ ಈ ಗುಣ ಕಡಿಮೆ. ಹಾಗಂತ ಒಂದಕ್ಕೆ ಹೌದು ಇನ್ನೊಂದಕ್ಕೆ ಇಲ್ಲ ಅನ್ನಲು ನನಗೆ ಮನಸ್ಸಿಲ್ಲ. ಎಣ್ಣೆಬಟ್ಟೆಯೆಲ್ಲ ಜಗಲಿಯ ಹಗ್ಗದ ಮೇಲೇ ಇರಲಿ. ಉಳಿದ ಬಟ್ಟೆಗೂ ಕೊನೆಯ ಹತ್ತು ನಿಮಿಷದ ತಣ್ಣನೆಯ ಸುತ್ತನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಅದು ಇರುವುದು ಬಟ್ಟೆಯ ಬಿಸಿ ಆರಲೆಂದೇ. ಫೋಮ್, ರಬ್ಬರ್ ಇರುವ ಬಟ್ಟೆಗಳನ್ನೂ ಹಾಕಬೇಡಿ.

ಪ್ರಶ್ನೆ: ಕರೆಂಟ್ ಬಿಲ್ ಜಾಸ್ತಿ ಬರುತ್ತಿದೆ. ಹಳೆಯದನ್ನು ಕೊಟ್ಟು ಹೀಟ್ ಪಂಪ್ ಡ್ರೈಯರ್ ತರಲೇ? (ಮಂಗಳೂರು)

ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 0.63 ಯೂನಿಟ್ ಬೇಕೇ ಬೇಕು. ಸಾಮಾನ್ಯ ಹೀಟರ್ ಡ್ರೈಯರಿನಲ್ಲಿ ಸೋರಿಕೆ ಸೇರಿ ಒಂದು ಯೂನಿಟ್ಟಿನ ಹತ್ತಿರ ಹೋಗುತ್ತದೆ. ಹಿಂಡಿದ ಮೇಲೆ ಬಟ್ಟೆಯಲ್ಲಿ ಮೂರು ಲೀಟರ್ ಉಳಿದಿದ್ದರೆ ಮೂರು ಯೂನಿಟ್ ಲೆಕ್ಕ ಹಾಕಿ. ಹೀಟ್ ಪಂಪ್ ತಾನು ಬಿಸಿ ಮಾಡಿದ ಗಾಳಿಯ ಶಾಖವನ್ನು ಹಿಂದಕ್ಕೆ ಪಡೆದು ಬಳಸುತ್ತದೆ, ಹಾಗಾಗಿ ಖರ್ಚು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಮಯ ಮಾತ್ರ ಜಾಸ್ತಿ. ಕರಾವಳಿಯಲ್ಲಿ ನಾಲ್ಕು ತಿಂಗಳು ದಿನಾ ಹಾಕುವ ದೊಡ್ಡ ಸಂಸಾರವಾದರೆ ತನ್ನಿ ಅಂತಲೇ ನನ್ನ ಅಭಿಪ್ರಾಯ. ಅದರ ಒಳಗಿನ ಎರಡನೇ ಜಾಲರಿಯನ್ನು ತೊಳೆಯುವುದನ್ನು ಅಂಗಡಿಯವರ ಹತ್ತಿರವೇ ಕಲಿತು ಬನ್ನಿ.

ಅದಕ್ಕೆ ಮುಂಚೆ ದುಡ್ಡಿಲ್ಲದ ಒಂದು ಕೆಲಸ ಇದೆ. ವಾಷಿಂಗ್ ಮೆಷಿನ್ನಿನ ಸ್ಪಿನ್ ಎಷ್ಟಕ್ಕಿದೆ ನೋಡಿ. 800ಕ್ಕೆ ಇಟ್ಟಿದ್ದು 1,200ರ ತನಕ ಹೋಗುವಂತಿದ್ದರೆ, ಹತ್ತಿ ಬಟ್ಟೆಗಳಿಗೆ ಅಲ್ಲಿಗೆ ಏರಿಸಿ. ಮೋಟಾರ್ ಹಿಂಡಿ ತೆಗೆದ ನೀರಿಗೆ ಹೀಟರ್ ಉರಿಯಬೇಕಿಲ್ಲ. ಒಂದು ವಾರ ಹಾಗೆ ಮಾಡಿ, ಮೀಟರ್ ಬರೆದಿಟ್ಟು ನನಗೆ ತಿಳಿಸಿ. ಹೊಸದು ಬೇಕೋ ಬೇಡವೋ ಆಮೇಲೆ ಹೇಳುತ್ತೇನೆ.