ಗೋಡೆ ಅಳಿಯನದು, ಗುಡಾರ ಮಗಳದು

ಸಹಾರಾದ ತುವಾರೆಗ್ ಜನರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಒಂದು ಪುಟ ಬರೆದಿದ್ದೆ. ನೈಜರ್ ದೇಶದ ಅಗಾದೆಜ್ ಪಟ್ಟಣದಲ್ಲಿ 2004ರಿಂದ 2007ರ ಆರಂಭದವರೆಗೆ ಬಾವಿ, ಪಂಪುಗಳ ಕೆಲಸ ಮಾಡಿಕೊಂಡಿದ್ದವನು ನಾನು. ಆ ಜನರನ್ನು ಕಂಡದ್ದೂ ನೀರಿನ ಬಳಿಯೇ. ಅದನ್ನು ಓದಿ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ‘ತುವಾರೆಗ್’ ಅನ್ನೋದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು ‘ಕೆಲ್ ತಮಾಶೆಕ್’ ಎಂದು ಕರೆದುಕೊಳ್ಳುತ್ತಾರೆ, ಅಂದರೆ ತಮಾಶೆಕ್ ನುಡಿಯ ಜನ. ನೈಜರ್, ಮಾಲಿ, ಅಲ್ಜೀರಿಯಾ, ಲಿಬಿಯಾ, ಬುರ್ಕಿನಾ ಫಾಸೊಗಳಲ್ಲಿ ಹಂಚಿಹೋಗಿದ್ದಾರೆ. ನಾನು ಹೇಳುವುದು ಅಗಾದೆಜ್ ಮತ್ತು ಅದರ ಬಡಗಣ ದಿಕ್ಕಿನ ಆಯಿರ್ ಬೆಟ್ಟಗಳ ಕಡೆಯದು.

ಪ್ರಶ್ನೆ: ತುವಾರೆಗರಲ್ಲಿ ಗಂಡಸರು ಮುಖ ಮುಚ್ಚುತ್ತಾರೆ, ಹೆಂಗಸರು ಮುಚ್ಚುವುದಿಲ್ಲ, ಗುಡಾರವೂ ಹೆಂಗಸಿನದೇ ಅಂತ ಬರೆದಿದ್ದಿರಿ. ಅಲೆಯೋದು ಬಿಟ್ಟು ಪಟ್ಟಣದಲ್ಲಿ ಮನೆ ಕಟ್ಟಿಕೊಂಡ ಮೇಲೆ ಹೆಂಗಸರ ಬದುಕು ಇನ್ನೂ ಸುಧಾರಿಸಿರಬೇಕು, ಅಲ್ವಾ ಅಣ್ಣ? — ಕಾಲೇಜು ವಿದ್ಯಾರ್ಥಿನಿ

ತಂಗಿ, ನಿನಗೆ ಅಗಾದೆಜ್‌ನ ಒಂದು ಅಂಗಳದ ಕಥೆ ಹೇಳುತ್ತೇನೆ.

ಕೈಪಂಪಿನ ವಾಷರ್ ಬದಲಾಯಿಸಲು ಒಂದು ಮನೆಗೆ ಹೋಗಿದ್ದೆ. ಮಣ್ಣಿನ ಇಟ್ಟಿಗೆಯ ಮನೆ, ತಗಡಿನ ಬಾಗಿಲು. ಅಂಗಳದ ಒಂದು ಮೂಲೆಯಲ್ಲಿ ಚಾಪೆಯ ಗುಡಾರ. ಕುರಿ ಮೇಕೆ ಕಟ್ಟಲು ಇರಬೇಕು ಅಂದುಕೊಂಡೆ. ಹತ್ತಿರ ಹೋದರೆ ಒಳಗೆ ಕೆತ್ತನೆಯ ಕಾಲುಗಳಿರುವ ಮಂಚ, ಚರ್ಮದ ಚೀಲಗಳು, ಗುಡಿಸಿದ ಮರಳು. ಒಬ್ಬ ಅಜ್ಜಿ ಹೊರಗೆ ಕೂತು ಹರಿದ ಚಾಪೆಯನ್ನು ದೂಮ್ ತಾಳೆಯ ನಾರಿನಿಂದ ಹೊಲಿಯುತ್ತಿದ್ದರು. ಹೊಲಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು, ಸಡಿಲ ಅನ್ನಿಸಿದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಮನೆ ಇರುವಾಗ ಇದು ಯಾಕೆ ಅಂತ ನಮ್ಮ ಚಾಲಕನ ಮೂಲಕ ಕೇಳಿಸಿದೆ. ಅವರು ತಲೆ ಎತ್ತದೆ ಹೇಳಿದರು: “ಗೋಡೆ ಅಳಿಯನದು. ಇದು ನನ್ನ ಮಗಳದು.”

ಆಗ ನನಗೆ ಆ ಮಾತಿನ ತೂಕ ಗೊತ್ತಾಗಲಿಲ್ಲ. ತಿಂಗಳುಗಟ್ಟಲೆ ಅವರ ನಡುವೆ ಓಡಾಡಿದ ಮೇಲೆ ತಿಳಿಯಿತು.

ಗುಡಾರಕ್ಕೆ ಅವರ ಮಾತಿನಲ್ಲಿ ‘ಎಹೆನ್’ ಅನ್ನುತ್ತಾರೆ. ಮದುವೆಗೂ ಅದೇ ಮಾತು. ಮದುವೆಯಾದ ಅಂದರೆ ಗುಡಾರ ಸೇರಿದ ಅಂತಲೇ ಅರ್ಥ. ಹುಡುಗಿಯ ತಾಯಿ ಮತ್ತು ತಾಯಿ ಕಡೆಯ ಹೆಂಗಸರು ಸೇರಿ ಅದನ್ನು ಮಾಡಿಕೊಡುತ್ತಾರೆ. ಆಯಿರ್ ಕಡೆ ಬಾಗಿಸಿದ ಮರದ ಕಮಾನುಗಳ ಮೇಲೆ ಚಾಪೆ ಹೊದಿಸುತ್ತಾರೆ, ಪಶ್ಚಿಮಕ್ಕೆ ಹೋದರೆ ಚರ್ಮದ ಗುಡಾರಗಳು ಜಾಸ್ತಿ. ಮದುವೆಯ ದಿನಗಳಲ್ಲಿ ವಯಸ್ಸಾದ ಹೆಂಗಸರು ಗುಡಾರವನ್ನು ದಿನಾ ಬಿಚ್ಚಿ ಮತ್ತೆ ಕಟ್ಟುತ್ತಾರೆ, ಪ್ರತಿ ಸಲ ಸ್ವಲ್ಪ ದೊಡ್ಡದಾಗಿ. ಗಂಡ ಅದರೊಳಗೆ ಬರುವವನು, ಯಜಮಾನನಲ್ಲ. ಸಂಸಾರ ಮುರಿದರೆ ಅವನು ತನ್ನ ಒಂಟೆ, ತನ್ನ ಜೀನು, ತನ್ನ ಕತ್ತಿ ತಗೊಂಡು ಹೊರಡಬೇಕು. ಮಂಚ, ಚಾಪೆ, ಮಡಕೆ ಎಲ್ಲ ಹೆಂಗಸಿನ ಜೊತೆಗೇ ಉಳಿಯುತ್ತವೆ. ಅವಳು ಬೀದಿಗೆ ಬೀಳುವ ಮಾತೇ ಇರಲಿಲ್ಲ.

ಇನ್ನೊಂದು ಆಸ್ತಿಯೂ ಇತ್ತು. ‘ಬದುಕಿರುವ ಹಾಲು’ ಅಂತ ಅದನ್ನು ಕರೆಯುತ್ತಾರೆ. ತಾಯಿ ಕಡೆಯಿಂದ ಹೆಣ್ಣುಮಕ್ಕಳಿಗೆ, ಅಕ್ಕತಂಗಿಯರಿಗೆ, ಅವರ ಹೆಣ್ಣುಮಕ್ಕಳಿಗೆ ಇಳಿದುಬರುವ ದನ, ಒಂಟೆ, ಮೇಕೆಗಳು. ಅವುಗಳ ಹಾಲು ಕುಡಿಯಬಹುದು, ಮಂದೆಯನ್ನು ಮಾರುವ ಹಾಗಿಲ್ಲ. ಇಸ್ಲಾಮಿನ ಕಟ್ಟಳೆಯಂತೆ ಮಗನಿಗೆ ಹೆಚ್ಚು ಪಾಲು ಹೋದರೂ ಈ ಮಂದೆ ಹೆಣ್ಣಿನ ಬೆನ್ನಿಗೆ ನಿಲ್ಲುತ್ತಿತ್ತು.

1968ರಿಂದ 74ರವರೆಗಿನ ಬರ, ಆಮೇಲೆ 1984–85ರ ಬರ. ಮಂದೆಗಳು ಸತ್ತವು. ಮಂದೆಯ ಜೊತೆ ‘ಬದುಕಿರುವ ಹಾಲೂ’ ಹೋಯಿತು. ಬದುಕಿ ಉಳಿದವರು ಬಾವಿಗಳ ಸುತ್ತ, ಅಗಾದೆಜ್‌ನ ಅಂಚಿನಲ್ಲಿ ಬಂದು ನಿಂತರು. ಮಣ್ಣಿನ ಮನೆ ಕಟ್ಟುವುದು ಗಂಡಸಿನ ಕೆಲಸ. ಜಾಗದ ಕಾಗದ ಗಂಡಸಿನ ಹೆಸರಿಗೆ. ಈಗ ಜಗಳವಾದರೆ ಹೊರಗೆ ಹೋಗಬೇಕಾದವಳು ಹೆಂಡತಿ. ಒಂದು ತಲೆಮಾರಿನೊಳಗೆ ಬಾಗಿಲು ತಿರುಗಿಬಿಟ್ಟಿತು, ತಂಗಿ. ಆ ಅಜ್ಜಿ ಗುಡಾರವನ್ನು ಅಂಗಳದಲ್ಲಿ ಇಟ್ಟುಕೊಂಡದ್ದು ನೆನಪಿಗೆ ಅಂತ ಅಲ್ಲ. ಮಗಳಿಗೆ ಒಂದು ಜಾಗ ಇರಲಿ ಅಂತ. ಹಾಗೆ ಅಂಗಳದಲ್ಲಿ ಗುಡಾರ ಉಳಿಸಿಕೊಂಡ ಮನೆಗಳನ್ನು ಆಮೇಲೆ ಇನ್ನೂ ಎಷ್ಟೋ ನೋಡಿದೆ.

ಪಟ್ಟಣ ಕೊಟ್ಟದ್ದೂ ಇದೆ, ಅದನ್ನು ಬಿಟ್ಟು ಹೇಳಿದರೆ ತಪ್ಪಾಗುತ್ತದೆ. ಹೆರಿಗೆ ಕಷ್ಟವಾದರೆ ಆಸ್ಪತ್ರೆ ಹತ್ತಿರ. ಹೆಣ್ಣುಮಕ್ಕಳು ಶಾಲೆಗೆ ಹೋಗುವುದನ್ನು ನಾನೇ ದಿನಾ ನೋಡುತ್ತಿದ್ದೆ. ಆದರೆ ನೆಲೆ ನಿಂತ ಕೂಡಲೇ ಹೆಂಗಸಿನ ಬದುಕು ಮೇಲಾಗುತ್ತದೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವಲ್ಲ, ಅದನ್ನು ನಾನು ಅಲ್ಲಿ ಬಿಟ್ಟೆ. ಪಂಪು ಹಾಕಿದ ಮೇಲೆ ಅದರ ಸುತ್ತ ಗೋಡೆಗಳು ಏಳುತ್ತವೆ. ಆ ಗೋಡೆ ಯಾರ ಹೆಸರಿಗೆ ಅಂತ ನಮ್ಮ ಯೋಜನೆಯಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಪ್ರಶ್ನೆ: ಮೂವತ್ತು ವರ್ಷ ಪಾಠ ಹೇಳಿದವನು ನಾನು. ತುವಾರೆಗರಲ್ಲಿ ಶಾಲೆ ಏನು ಬದಲಾವಣೆ ತಂದಿತು? ಅವರಲ್ಲಿ ಗುಲಾಮಗಿರಿ ಇತ್ತು ಅಂತ ಕೇಳಿದ್ದೇನೆ, ಅದು ನಿಂತಿತೇ? — ನಿವೃತ್ತ ಶಿಕ್ಷಕರು

ಮೇಷ್ಟ್ರೇ, ನಿಮ್ಮ ಎರಡು ಪ್ರಶ್ನೆಗಳೂ ಅಲ್ಲಿ ಒಂದೇ ಪ್ರಶ್ನೆ.

ಹಳೆಯ ವ್ಯವಸ್ಥೆಯಲ್ಲಿ ಮೇಲೆ ‘ಇಮಜೆಘನ್’, ಅಂದರೆ ದೊಡ್ಡ ಮನೆತನದವರು. ಅವರ ಕೆಳಗೆ ಕಪ್ಪ ಕೊಡುವ ಕುಲಗಳು, ಧರ್ಮ ಹೇಳುವವರು, ‘ಇನಾಡನ್’ ಎಂಬ ಕಮ್ಮಾರ–ಅಕ್ಕಸಾಲಿಗರು. ಎಲ್ಲರಿಗಿಂತ ಕೆಳಗೆ ‘ಇಕ್ಲಾನ್’, ಗುಲಾಮರು. ನೀರು ಸೇದುವುದು, ಸಜ್ಜೆ ಕುಟ್ಟುವುದು, ಮೇಕೆ ಕಾಯುವುದು ಇವರ ಪಾಲಿಗೆ. ಮೇಲೆ ಗುಡಾರದ ಒಡತಿಯ ಬಗ್ಗೆ ಬರೆದೆನಲ್ಲ, ಅವಳು ನಿಶ್ಚಿಂತೆಯಿಂದ ಕೂತು ಏಕತಂತಿಯ ಇಮ್ಜಾದ್ ನುಡಿಸಲು ಆಗುತ್ತಿದ್ದದ್ದು ಇನ್ನೊಬ್ಬ ಹೆಂಗಸು ಬೆಳಗಿನಿಂದ ಒನಕೆ ಹಿಡಿದಿದ್ದರಿಂದ. ಇದನ್ನು ಹೇಳದೆ ಅವರ ಹಳೆಯ ದಿನಗಳನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಫ್ರೆಂಚರು ಶಾಲೆ ತೆರೆದು ಮಕ್ಕಳನ್ನು ಕಳಿಸಿ ಅಂದಾಗ ಎಷ್ಟೋ ದೊಡ್ಡ ಮನೆತನಗಳು ತಮ್ಮ ಮಕ್ಕಳನ್ನು ಬಚ್ಚಿಟ್ಟವು. ಲೆಕ್ಕ ತುಂಬಿಸಲು ಇಕ್ಲಾನರ ಮಕ್ಕಳನ್ನು ಕಳಿಸಿದವು. ಪರದೇಶದವರ ಶಾಲೆಯನ್ನು ಅವರು ಶಿಕ್ಷೆ ಅಂದುಕೊಂಡಿದ್ದರು. ಆ ಮಕ್ಕಳು ಓದಿ ಮೇಷ್ಟ್ರಾದರು, ಗುಮಾಸ್ತರಾದರು, ಕಚೇರಿಗಳಲ್ಲಿ ಕೂತರು.

ಆಯಿರ್‌ನ ಒಂದು ಹಳ್ಳಿಯಲ್ಲಿ ಇದನ್ನು ಕಣ್ಣಾರೆ ಕಂಡೆ. ಬಾವಿ ಸಮಿತಿಯ ಸಭೆ. ಪುಸ್ತಕ ಬರೆಯುತ್ತಿದ್ದವರು ಇಕ್ಲಾನ್ ಮನೆತನದ ಶಾಲಾ ಮೇಷ್ಟ್ರು. ಒಬ್ಬ ಹಿರಿಯರು, ಮೇಲಿನ ಮನೆತನದವರು, ಅರ್ಜಿ ಓದಿಸಲು ಕಾಗದ ಹಿಡಿದು ಬಂದರು. ತುವಾರೆಗ್ ಗಂಡಸು ಗೌರವ ಕೊಡಬೇಕಾದವರ ಮುಂದೆ ಮುಸುಕನ್ನು ಮೂಗಿನ ಮೇಲಕ್ಕೆ ಎಳೆದುಕೊಳ್ಳುತ್ತಾನೆ. ತನಗಿಂತ ಕೆಳಗಿನವರು ಅನ್ನಿಸಿದರೆ ಗಲ್ಲದವರೆಗೆ ಬಿಟ್ಟಿರುತ್ತಾನೆ. ಆ ಹಿರಿಯರು ಬರುವಾಗ ಮುಸುಕು ಗಲ್ಲದ ಕೆಳಗಿತ್ತು. ಕಾಗದ ಚಾಚುವ ಮುಂಚೆ ಒಂದು ಕ್ಷಣ ನಿಂತರು. ಎಡಗೈಯಿಂದ ಮುಸುಕನ್ನು ಕಣ್ಣಿನ ತನಕ ಎಳೆದುಕೊಂಡರು. ಮೇಷ್ಟ್ರು ಎದ್ದು ನಿಂತು ಎರಡೂ ಕೈಯಿಂದ ಕಾಗದ ತೆಗೆದುಕೊಂಡರು. ಒಂದು ಮಾತೂ ಇಲ್ಲ. ನಮ್ಮ ಚಾಲಕ ಆಮೇಲೆ ಜೀಪಿನಲ್ಲಿ ಹೇಳಿದ: “ಆ ಮೇಷ್ಟ್ರ ಅಜ್ಜ ಇವರ ಮನೆಯ ನೀರು ಸೇದುತ್ತಿದ್ದ.”

ಹಾಗಂತ ಎಲ್ಲ ಮುಗಿಯಿತು ಅಂತಲ್ಲ. ನೈಜರ್‌ನಲ್ಲಿ ಗುಲಾಮರನ್ನು ಇಟ್ಟುಕೊಳ್ಳುವುದನ್ನು ಶಿಕ್ಷಾರ್ಹ ಅಪರಾಧ ಅಂತ ಸ್ಪಷ್ಟವಾಗಿ ಬರೆದದ್ದು 2003ರಲ್ಲಿ. ಹದಿಜಾತು ಮಾನಿ ಎಂಬ ಹೆಣ್ಣುಮಗಳನ್ನು 1996ರಲ್ಲಿ, 12 ವರ್ಷದವಳಿದ್ದಾಗ, 2,40,000 ಸಿಎಫ್‌ಎ ಫ್ರಾಂಕಿಗೆ (ಅಲ್ಲಿನ ಹಣ) ಮಾರಲಾಗಿತ್ತು. ಆಕೆ ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟವಾದ ಎಕೋವಾಸ್‌ನ ನ್ಯಾಯಾಲಯದವರೆಗೆ ಹೋದಳು. 2008ರ ಅಕ್ಟೋಬರ್ 27ರಂದು ಗೆದ್ದಳು. ರಕ್ಷಣೆ ಕೊಡದ ಸರ್ಕಾರವೇ ಒಂದು ಕೋಟಿ ಸಿಎಫ್‌ಎ ಪರಿಹಾರ ಕೊಡಬೇಕು ಅಂತ ತೀರ್ಪಾಯಿತು. ಆಕೆಯನ್ನು ಕೊಂಡವನು ತುವಾರೆಗನಲ್ಲ. ಈ ಪಿಡುಗು ಒಂದು ಜನಾಂಗದ್ದಷ್ಟೇ ಆಗಿರಲಿಲ್ಲ. ಮದುವೆ ಸಂಬಂಧ ಕೂಡಿಸುವಾಗ, ಚಹಾ ಯಾರು ಕಾಸಬೇಕು ಅನ್ನುವಾಗ, ಯಾರ ಅಜ್ಜ ಯಾರು ಅನ್ನೋದು ನನ್ನ ಕಾಲದಲ್ಲೂ ಮೆಲ್ಲಗೆ ತಲೆ ಎತ್ತುತ್ತಿತ್ತು.

ಪ್ರಶ್ನೆ: ನಾನು ಲಾರಿ ಇಟ್ಟುಕೊಂಡಿರುವವನು. ಒಂಟೆಗಳ ಮೇಲೆ ಉಪ್ಪು ಸಾಗಿಸುವುದು ಈಗಲೂ ಇದೆಯಾ ಸರ್? ಅಲ್ಲಿನ ಹುಡುಗರು ಈಗ ಏನು ಮಾಡ್ತಾರೆ?

ನಿಮ್ಮ ಲಾರಿಯೇ ಒಂಟೆಯ ಕೆಲಸ ಕಿತ್ತುಕೊಂಡಿತು ನೋಡಿ. ಆಯಿರ್‌ನಿಂದ ತೆನೆರೆ ಮರಳುಗಾಡು ದಾಟಿ ಬಿಲ್ಮಾ ಎಂಬ ಓಯಸಿಸ್‌ಗೆ ಸಜ್ಜೆ ಒಯ್ಯುವುದು, ಅಲ್ಲಿಂದ ಉಪ್ಪಿನ ಅಚ್ಚು, ಖರ್ಜೂರ ತರುವುದು. ಹೋಗಿ ಬರಲು ವಾರಗಟ್ಟಲೆ ನಡಿಗೆ. ನನ್ನ ಕಾಲದಲ್ಲಿ ಒಂಟೆ ಸಾಲುಗಳು ಇನ್ನೂ ಹೋಗುತ್ತಿದ್ದವು, ಆದರೆ ಬೆಲೆ ಕಟ್ಟುತ್ತಿದ್ದದ್ದು ಲಾರಿ. ಆ ದಾರಿಯಲ್ಲಿ ಸುತ್ತ ನೂರಾರು ಕಿಲೋಮೀಟರಿಗೆ ಇದ್ದ ಒಂದೇ ಒಂದು ಜಾಲಿ ಜಾತಿಯ ಮರ, ತೆನೆರೆಯ ಮರ. ಒಂಟೆ ಸಾಲಿನವರು ಅದನ್ನು ಕಡಿಯದೆ ಕಾಪಾಡಿಕೊಂಡು ಬಂದಿದ್ದರು. 1973ರಲ್ಲಿ ಒಂದು ಲಾರಿ ಗುದ್ದಿ ಅದು ಬಿತ್ತು. ಕಾಂಡ ಈಗ ರಾಜಧಾನಿ ನಿಯಾಮೆಯ ವಸ್ತುಸಂಗ್ರಹಾಲಯದಲ್ಲಿದೆ. ಮರ ಇದ್ದ ಜಾಗದಲ್ಲಿ ಕಬ್ಬಿಣದ ಗುರುತು ನಿಲ್ಲಿಸಿದ್ದಾರೆ.

ಹುಡುಗರ ಕಥೆ ದೊಡ್ಡದು. ಬರದ ನಂತರ ಕೆಲಸ ಹುಡುಕಿಕೊಂಡು ಅಲ್ಜೀರಿಯಾ, ಲಿಬಿಯಾಕ್ಕೆ ಹೋದವರಿಗೆ ‘ಇಶುಮಾರ್’ ಅಂತ ಹೆಸರು ಬಿತ್ತು. ಕೆಲಸವಿಲ್ಲದವನು ಅನ್ನೋ ಫ್ರೆಂಚ್ ಮಾತಿನಿಂದ ಹುಟ್ಟಿದ್ದು. ಅವರು ಗಿಟಾರ್ ಕಲಿತು ಬಂದರು, ಕೆಲವರು ಬಂದೂಕನ್ನೂ. 1990ರಲ್ಲಿ ಸರ್ಕಾರದ ವಿರುದ್ಧ ಬಂಡಾಯ, 1995ರಲ್ಲಿ ಒಪ್ಪಂದ, 2007ರ ಫೆಬ್ರುವರಿಯಲ್ಲಿ ಮತ್ತೆ ಬಂಡಾಯ. ನಾನು ಊರು ಬಿಟ್ಟದ್ದು ಆಗಲೇ. ಅವರ ನೆಲದಲ್ಲೇ ಇರುವ ಆರ್ಲಿತ್ ಗಣಿಪಟ್ಟಣದಿಂದ 1971ರಿಂದ ಯುರೇನಿಯಂ ಹೊರಗೆ ಹೋಗುತ್ತಿತ್ತು, ಮೇವಿನ ಜಾಗ ಕಳೆದುಕೊಂಡವರಿಗೆ ಸಿಕ್ಕಿದ್ದು ಕಡಿಮೆ ಅನ್ನುವ ಕೊರಗು ಆ ಬಂಡಾಯದಲ್ಲಿತ್ತು. ಇನ್ನೊಂದು ಕಡೆ, ಆಯಿರ್‌ನ ಇಫೆರುವಾನೆಯ ಬ್ರಿಜಿ ರಫಿನಿ ಎಂಬ ತುವಾರೆಗರು 2011ರಿಂದ 2021ರವರೆಗೆ ದೇಶದ ಪ್ರಧಾನಿಯಾಗಿದ್ದರು.

ಬಂಡಾಯದಿಂದ ಪ್ರವಾಸಿಗರು ನಿಂತರು. ಅವರನ್ನು ಸುತ್ತಿಸುತ್ತಿದ್ದ ಟೊಯೊಟಾ ಹೈಲಕ್ಸ್‌ಗಳು ಲಿಬಿಯಾ ಕಡೆಗೆ ವಲಸಿಗರನ್ನು ಹತ್ತಿಸಿಕೊಂಡವು. 2015ರಲ್ಲಿ ಬಂದ ಕಾಯ್ದೆ ಅದನ್ನು ಅಪರಾಧ ಮಾಡಿತು. ಚಾಲಕರು ಜೈಲಿಗೆ ಹೋದರು, ಗಾಡಿಗಳು ಜಪ್ತಿಯಾದವು, ಮರೆಯ ದಾರಿ ಹಿಡಿದವರಲ್ಲಿ ಎಷ್ಟೋ ಜನ ನೀರಿಲ್ಲದೆ ಸತ್ತರು. 2023ರ ನವೆಂಬರ್‌ನಲ್ಲಿ ಆ ಕಾಯ್ದೆ ರದ್ದಾಯಿತು. ದಾರಿ ಬಲ್ಲವನಿಗೆ ದಾರಿ ತೋರಿಸುವುದೇ ಕಸುಬು. ಉಪ್ಪು, ಪ್ರವಾಸಿ, ವಲಸಿಗ, ಹೊರೆ ಬದಲಾಗುತ್ತಾ ಬಂತು. ಆ ಹುಡುಗರನ್ನು ಕಳ್ಳಸಾಗಣೆದಾರರು ಅಂತ ಒಂದೇ ಮಾತಿನಲ್ಲಿ ಬರೆದದ್ದನ್ನು ಓದಿದರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಆ ನೀಲಿ ಮುಸುಕಿನ ಬಣ್ಣ ಮೈಗೆ ಹತ್ತುತ್ತದೆ ಅನ್ನೋದು ನಿಜವೇ? — ಹೊಲಿಗೆ ಕೆಲಸ ಮಾಡುವ ಓದುಗರು

ನಿಜ ಅಕ್ಕ. ನೈಜೀರಿಯಾದ ಕಾನೋ ಕಡೆಯಲ್ಲಿ ಕಿರಿದಾದ ಪಟ್ಟಿಗಳನ್ನು ನೇಯ್ದು, ಅಂಚಿಗೆ ಅಂಚು ಕೂಡಿಸಿ ಹೊಲಿದು, ನೀಲಿ ಗಿಡದ ಬಣ್ಣವನ್ನು ಬಟ್ಟೆಯೊಳಕ್ಕೆ ಕೊಡತಿಯಿಂದ ಬಡಿದು ಕೂರಿಸುತ್ತಾರೆ. ಅದಕ್ಕೇ ಅದು ಲೋಹದ ಹಾಗೆ ಹೊಳೆಯುತ್ತದೆ, ಬೆವರಿದರೆ ಕೆನ್ನೆ, ಹಣೆಗೆ ಬಣ್ಣ ಬಿಡುತ್ತದೆ. ತುಂಬ ದುಬಾರಿ. ಮದುವೆ, ಹಬ್ಬಕ್ಕೆ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ದಿನದ ಬಳಕೆಗೆ ಗಿರಣಿಯ ಬಟ್ಟೆ: ಬಿಳಿ, ಹಸಿರು, ಕಪ್ಪು, ಯಾವುದಾದರೂ ಸರಿ. ಪಟ್ಟಣದ ಹುಡುಗರು ಎಷ್ಟೋ ಜನ ಬರೀ ಟೋಪಿ ಹಾಕಿಕೊಂಡು ಓಡಾಡುತ್ತಾರೆ, ಮಾವನ ಮನೆಗೆ ಹೋಗುವಾಗ ಮಾತ್ರ ಮುಸುಕು ಹುಡುಕುತ್ತಾರೆ.

ನಾನು ಹೊರಡುವಾಗ ನಮ್ಮ ಚಾಲಕ ಒಂದು ಗೇಣಿನಷ್ಟು ತುಂಡು ಕೊಟ್ಟಿದ್ದ. ಈ ಉತ್ತರ ಬರೆಯುವ ಮುಂಚೆ ತೆಗೆದು ನೋಡಿದೆ. ಇಷ್ಟು ವರ್ಷವಾದರೂ ಬೆರಳಿಗೆ ನೀಲಿ ಹತ್ತಿತು. ನಿಮಗೆ ಎಂದಾದರೂ ಅಂಥ ಬಟ್ಟೆ ಸಿಕ್ಕಿದರೆ ದಯವಿಟ್ಟು ಒಗೆಯಬೇಡಿ, ಆ ಹೊಳಪು ನೀರಿನಲ್ಲಿ ಹೋಗಿಬಿಡುತ್ತದೆ.