ಗದ್ದೆಗೆ ಹಂದಿ ಬರುವ ಊರಿನಲ್ಲಿ ಹುಲಿ ಪುಸ್ತಕ

ಓದುಗರ ಪತ್ರ

ಹೋದ ಸಂಚಿಕೆಯಲ್ಲಿ ಮಕ್ಕಳು ಓದಬೇಕಾದ ಕಾಡುಪ್ರಾಣಿ ಪುಸ್ತಕಗಳ ಪಟ್ಟಿ ಹಾಕಿದ್ದೀರಿ. ಅರ್ಧ ಬೇಟೆಗಾರರದ್ದು, ಉಳಿದದ್ದು ಪ್ರಾಣಿಗಳನ್ನು ಮುದ್ದು ಮಾಡುವವರದ್ದು. ನಮ್ಮಲ್ಲಿ ರಾತ್ರಿ ಹಂದಿ, ಬೆಳಿಗ್ಗೆ ನವಿಲು, ಮಧ್ಯಾಹ್ನ ಮಂಗ. ತೆಂಗಿನಮರ ನಮ್ಮದು, ಎಳನೀರು ಅವುಗಳದ್ದು. ಮೊನ್ನೆ ಮನೆಯ ನಾಯಿಯನ್ನು ಚಿರತೆ ಎತ್ತಿಕೊಂಡು ಹೋಯಿತು. ಈ ಪುಸ್ತಕ ಬರೆದವರಲ್ಲಿ ಒಬ್ಬರಾದರೂ ನಮ್ಮಂಥವರ ಗದ್ದೆ ಹುಣಿಯಲ್ಲಿ (ಬದುವಿನಲ್ಲಿ) ಒಂದು ರಾತ್ರಿ ಕೂತಿದ್ದಾರಾ? ಮಗಳು ಎಂಟನೇ ಕ್ಲಾಸು, ಓದುವ ಹುಚ್ಚು ಜಾಸ್ತಿ. ಬಂದೂಕು ಹಿಡಿದವರ ಪುಸ್ತಕ ಅವಳ ಕೈಗೆ ಕೊಡಬಹುದಾ?

- ಹೆಬ್ರಿ ಸಮೀಪದ ಕೃಷಿಕ ಓದುಗರು

ಸಂಪಾದಕರ ಉತ್ತರ

ನಮಸ್ಕಾರ. ನಿಮ್ಮ ಕಾಗದದಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ. ಮಂಗಳೂರಿನ ಫ್ಲ್ಯಾಟಿನಲ್ಲಿ ಕೂತು ನವಿಲಿನ ಫೋಟೋಕ್ಕೆ ಲೈಕ್ ಒತ್ತುವವರಿಗೆ ನೇಜಿ (ಭತ್ತದ ಸಸಿ) ಹಾಳಾದವರ ಸಂಕಟ ಗೊತ್ತಾಗುವುದಿಲ್ಲ. ಆದರೂ ಆ ಪಟ್ಟಿಯನ್ನು ನಾನು ಬಿಟ್ಟುಕೊಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾದೀತು.

ಮೊದಲು ಬಂದೂಕಿನ ವಿಚಾರ. ಜಿಮ್ ಕಾರ್ಬೆಟ್ ಬರೆದದ್ದೆಲ್ಲ ಹುಲಿ ಹೊಡೆದ ಪೌರುಷ ಅಂತ ಓದದೇ ಇರುವವರು ಹೇಳುತ್ತಾರೆ. ಓದಿದವರಿಗೆ ಸಿಗುವುದು ಬೇರೆಯೇ. ಈ ಪ್ರಾಣಿ ಮನುಷ್ಯರ ಮೇಲೆ ಬೀಳಲು ಶುರು ಮಾಡಿದ್ದು ಯಾಕೆ ಎಂಬ ಪ್ರಶ್ನೆಯನ್ನು ಅವರು ಮತ್ತೆ ಮತ್ತೆ ಕೇಳುತ್ತಾರೆ. ಹಿಮಾಲಯದ ತಪ್ಪಲಿನ ಚಂಪಾವತ್‌ನ ಹೆಣ್ಣುಹುಲಿ 436 ಜನರನ್ನು ಕೊಂದಿತ್ತು ಎನ್ನುತ್ತಾರೆ. 1907ರಲ್ಲಿ ಅದನ್ನು ಹೊಡೆದ ಮೇಲೆ ನೋಡಿದರೆ ಬಲಗಡೆಯ ಕೋರೆಹಲ್ಲುಗಳು, ಮೇಲಿನದ್ದೂ ಕೆಳಗಿನದ್ದೂ, ಮುರಿದಿದ್ದವು. ಹಿಂದೆ ಯಾರೋ ಹೊಡೆದ ಗುಂಡಿನ ಕೆಲಸ ಅದು. ಮುಕ್ತೇಸರದ ಹುಲಿ ಮುಳ್ಳುಹಂದಿಯ ತಂಟೆಗೆ ಹೋಗಿ ಒಂದು ಕಣ್ಣು ಕಳೆದುಕೊಂಡಿತು. ಮುಂಗಾಲಿಗೆ ಸುಮಾರು 50 ಮುಳ್ಳು ಹೊಕ್ಕವು. ನೋವು ತಡೆಯಲಾಗದೆ ಹುಲ್ಲಿನ ನಡುವೆ ಮಲಗಿತ್ತು. ಅಲ್ಲಿಗೇ ಒಬ್ಬ ಹೆಂಗಸು ಹುಲ್ಲು ಕೊಯ್ಯಲು ಬಂದಳು. ಅವಳು ತೀರಾ ಹತ್ತಿರ ಬರುವ ತನಕ ಹುಲಿ ಅಲ್ಲಾಡಲಿಲ್ಲ. ಆಮೇಲೆ ಒಂದೇ ಏಟು. ಹೆಣವನ್ನು ಅದು ತಿನ್ನಲೂ ಇಲ್ಲ, ಅಲ್ಲೇ ಬಿಟ್ಟು ಹೋಯಿತು.

ರುದ್ರಪ್ರಯಾಗದ ಚಿರತೆಯ ಕತೆ ಇನ್ನೂ ಗಟ್ಟಿ. 1918ರಲ್ಲಿ ಇನ್‌ಫ್ಲುಯೆಂಜಾ ಬಂದು ಜನ ಸಾಲುಸಾಲಾಗಿ ಸತ್ತರು. ಸುಡಲು ಆಗದೆ, ಹೆಣದ ಬಾಯಿಗೆ ಒಂದು ಕೆಂಡ ಇಟ್ಟು ಕಣಿವೆಗೆ ತಳ್ಳುತ್ತಿದ್ದರು. ಚಿರತೆಗೆ ಮನುಷ್ಯರ ಮಾಂಸ ರೂಢಿಯಾದದ್ದು ಅಲ್ಲಿಂದ ಎಂದು ಕಾರ್ಬೆಟ್ ಬರೆದಿದ್ದಾರೆ. 1926ರ ತನಕ ಅದು ಕೊಂದದ್ದು 125 ಜನರನ್ನು. ಕತ್ತಲಾದ ಮೇಲೆ ಆ ಸೀಮೆಯಲ್ಲಿ ಯಾರೂ ಬಾಗಿಲು ತೆರೆಯುತ್ತಿರಲಿಲ್ಲ. ಆ ಪುಸ್ತಕದಲ್ಲಿ ಚಿರತೆಯಷ್ಟೇ ಜಾಗ ಹಳ್ಳಿಯವರಿಗೂ ಇದೆ. ಗದ್ದೆ ಹುಣಿಯಲ್ಲಿ ಅಲ್ಲದಿದ್ದರೂ, ಗುಲಾಬ್‌ರಾಯ್‌ನ ಮಾವಿನ ಮರದ ಮೇಲೆ ಕಾರ್ಬೆಟ್ ಎಷ್ಟೋ ರಾತ್ರಿ ಕೂತಿದ್ದರು. ಈ ಪುಸ್ತಕವನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ, ಇನ್ನೊಬ್ಬ ಬೇಟೆಗಾರ ಕೆನೆತ್ ಆಂಡರ್ಸನ್ ಕತೆಗಳನ್ನೂ ತಂದಿದ್ದಾರೆ. ಆಂಡರ್ಸನ್‌ಗೆ ಕತೆಯ ರುಚಿ ಏರಿಸುವ ಚಪಲ ಸ್ವಲ್ಪ ಜಾಸ್ತಿ ಎಂದು ನನ್ನ ಅನಿಸಿಕೆ. ಕಾರ್ಬೆಟ್ ಹೇಳಿದ್ದನ್ನು ಹೆಚ್ಚು ನಂಬುತ್ತೇನೆ.

ಬೇಟೆಗಾರ ತಪ್ಪಾಗಿ ನೋಡಿದರೆ ಅವನ ಪ್ರಾಣವೇ ಹೋಗುತ್ತದೆ. ಹಾಗಾಗಿ ಸರಿಯಾಗಿ ನೋಡುತ್ತಾನೆ. ಈ ಪುಸ್ತಕಗಳು ಇನ್ನೂ ಉಳಿದಿರುವುದು ಆ ನೋಟದ ಬಲದಿಂದ. ಮಗಳಿಗೆ ಧೈರ್ಯವಾಗಿ ಕೊಡಿ. ರುದ್ರಪ್ರಯಾಗದ್ದನ್ನು ಮಾತ್ರ ರಾತ್ರಿ ಓದಲು ಬಿಡಬೇಡಿ.

ಇನ್ನು ಮುದ್ದು ಮಾಡುವವರು. ಜೇನ್ ಗುಡಾಲ್ ಅವರನ್ನು ನೀವು ಈ ಸಾಲಿಗೆ ಸೇರಿಸಿದ ಹಾಗಿದೆ. 1960ರಲ್ಲಿ ಆಫ್ರಿಕದ ‘ಗೊಂಬೆ’ ಎಂಬ ಹೆಸರಿನ ಕಾಡಿಗೆ ಹೋದವರು ಚಿಂಪಾಂಜಿಗಳಿಗೆ ನಂಬರಿನ ಬದಲು ಹೆಸರು ಇಟ್ಟರು ನಿಜ. ಆಗ ವಿಜ್ಞಾನಿಗಳೂ ಇದು ಮುದ್ದಾಟ ಅಂತಲೇ ಮೂಗು ಮುರಿದರು. ಆದರೆ ಗೆದ್ದಲಿನ ಹುತ್ತಕ್ಕೆ ಹುಲ್ಲುಕಡ್ಡಿ ತೂರಿಸಿ ಗೆದ್ದಲು ಹಿಡಿದು ತಿನ್ನುವ ಚಿಂಪಾಂಜಿಯನ್ನು ಕಂಡು ಬರೆದಿಟ್ಟವರು ಅವರೇ. ಸಲಕರಣೆ ಮಾಡಿಕೊಳ್ಳುವುದು ಮನುಷ್ಯ ಮಾತ್ರ ಎಂದು ಅಲ್ಲಿಯ ತನಕ ದೊಡ್ಡವರೆಲ್ಲ ನಂಬಿದ್ದರು. 1974ರಿಂದ 1978ರ ತನಕ ಅದೇ ಕಾಡಿನಲ್ಲಿ ಒಂದು ಗುಂಪಿನ ಚಿಂಪಾಂಜಿಗಳು ಪಕ್ಕದ ಗುಂಪಿನವನ್ನು ಒಂದೊಂದಾಗಿ ಹೊಂಚುಹಾಕಿ ಕೊಂದವು. ಸತ್ತವೂ ಕೊಂದವೂ ಗುಡಾಲ್ ಹೆಸರಿಟ್ಟ ಪ್ರಾಣಿಗಳೇ. ಅದನ್ನೂ ಅವರು ಮುಚ್ಚಿಡಲಿಲ್ಲ. ಬರೀ ಮುದ್ದು ಇದ್ದಿದ್ದರೆ ಮುಚ್ಚಿಡುತ್ತಿದ್ದರು, ಅಲ್ವಾ?

ಪ್ರಾಣಿಗಳನ್ನು ಪ್ರೀತಿಸಿ ಎಂದು ಉಪದೇಶ ಮಾಡುವ ಪುಸ್ತಕ ನನಗೂ ಆಗಿಬರುವುದಿಲ್ಲ. ನಾವೆಲ್ಲ ಪುಣ್ಯಕೋಟಿಯ ಹಾಡು ಕೇಳಿ ಕಣ್ಣೀರು ಹಾಕಿ ಬೆಳೆದವರು. ಹಾಡಿನಲ್ಲಿ ಹುಲಿ ಪಶ್ಚಾತ್ತಾಪಪಟ್ಟು ಪ್ರಾಣ ಬಿಡುತ್ತದೆ. ಚೆನ್ನಾಗಿದೆ. ಆದರೆ ಅದರಲ್ಲಿ ಇರುವುದು ಸತ್ಯದ ಕತೆ, ಹುಲಿಯ ಕತೆ ಅಲ್ಲ. ಹಸಿದ ಹುಲಿ ಹಸು ತಿನ್ನುತ್ತದೆ. ಅದರಲ್ಲಿ ಅದರ ತಪ್ಪೂ ಇಲ್ಲ, ಹಸು ಸಾಕಿದವನ ತಪ್ಪೂ ಇಲ್ಲ. ಈ ಎರಡನ್ನೂ ಒಟ್ಟಿಗೆ ಹೇಳುವ ಪುಸ್ತಕ ನನಗೆ ಬೇಕು.

ನಿಮ್ಮ ನಾಯಿಯ ವಿಷಯಕ್ಕೆ ಬರುತ್ತೇನೆ. ವಿದ್ಯಾ ಆತ್ರೇಯ ಎಂಬ ವಿಜ್ಞಾನಿ ಮಹಾರಾಷ್ಟ್ರದ ಅಕೋಲೆ ಎಂಬಲ್ಲಿ, ಕಾಡೇ ಇಲ್ಲದ ಕಬ್ಬಿನ ಗದ್ದೆಗಳ ಸೀಮೆಯಲ್ಲಿ, ಚಿರತೆಗಳು ಏನು ತಿನ್ನುತ್ತವೆ ಎಂದು ಅವುಗಳ ಹಿಕ್ಕೆ ಪರೀಕ್ಷಿಸಿ ನೋಡಿದರು. ಆಹಾರದಲ್ಲಿ ನೂರಕ್ಕೆ 87 ಪಾಲು ಸಾಕುಪ್ರಾಣಿ. ಅದರಲ್ಲಿ ನಾಯಿಯದ್ದೇ ದೊಡ್ಡ ಪಾಲು, 39. ಜನರ ನಡುವೆಯೇ ಮರಿ ಹಾಕಿಕೊಂಡು ಅವು ಬದುಕಿದ್ದವು. ಇನ್ನೊಂದು ಸಂಗತಿ ಅದೇ ರಾಜ್ಯದ ಜುನ್ನರ್‌ನದ್ದು. ಅಲ್ಲಿ ಬೋನಿಟ್ಟು ಹಿಡಿದ ಚಿರತೆಗಳನ್ನು ದೂರದ ಕಾಡಿಗೆ ಬಿಡಲು ಶುರು ಮಾಡಿದ ಮೇಲೆ ಜನರ ಮೇಲಿನ ದಾಳಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನಮ್ಮಲ್ಲಿ ಚಿರತೆ ಕಂಡ ಮರುದಿನ ಎಲ್ಲರೂ ಕೇಳುವುದು ಬೋನನ್ನೇ. ನಾಯಿಯನ್ನು ರಾತ್ರಿ ಗೂಡಿನೊಳಗೆ ಹಾಕುವುದು, ಬಾವಿಗೆ ಕಟ್ಟೆ ಎತ್ತರಿಸುವುದು, ಕೋಳಿ ಅಂಗಡಿಯ ಕಸ ರಸ್ತೆ ಬದಿಗೆ ಸುರಿಯದ ಹಾಗೆ ಪಂಚಾಯಿತಿಯಲ್ಲಿ ಗಲಾಟೆ ಮಾಡುವುದು, ಇವು ಬೋನಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಹೋದ ನಾಯಿ ಇದರಿಂದ ಬರುವುದಿಲ್ಲ, ಗೊತ್ತು.

ನಮ್ಮವರು ಯಾರೂ ಬರೆದಿಲ್ಲವೇ ಎಂದರೆ, ಬರೆದಿದ್ದಾರೆ. ಕೋಟದ ಶಿವರಾಮ ಕಾರಂತರ ಕಾದಂಬರಿ ‘ಬೆಟ್ಟದ ಜೀವ’ 1943ರದ್ದು. ಕುಮಾರಪರ್ವತದ ಬುಡದಲ್ಲಿ ಅಡಿಕೆ ತೋಟ ಎಬ್ಬಿಸಿದ ಗೋಪಾಲಯ್ಯನಿಗೆ ಆನೆಯ ಕಾಟವೂ ಇತ್ತು, ಹುಲಿಯ ಕಾಟವೂ ಇತ್ತು. ನಿಮ್ಮ ಪಾಡನ್ನು ಅಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಅವರ ಮಗ ಉಲ್ಲಾಸ ಕಾರಂತರು ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು ನಾಗರಹೊಳೆಯ ಹುಲಿಗಳ ಹಿಂದೆ ಹೋದರು. ಒಂದು ಹುಲಿಗೆ ವರ್ಷಕ್ಕೆ ಜಿಂಕೆ, ಕಡವೆಯಂಥ 50 ಪ್ರಾಣಿ ಬೇಕು ಎಂದು ಲೆಕ್ಕ ಹಾಕಿ ತೋರಿಸಿದವರು ಅವರು.

ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ತೇಜಸ್ವಿಗೆ ಹಂದಿ ಮಂಗಗಳ ಉಪದ್ರ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಅವರ ಕಾದಂಬರಿ ‘ಕರ್ವಾಲೊ’ದಲ್ಲಿ ದೊಡ್ಡ ವಿಜ್ಞಾನಿ ಗೌರವ ಕೊಡುವುದು ಊರಿನವರೆಲ್ಲ ದಡ್ಡ ಅಂದುಕೊಂಡ ಮಂದಣ್ಣನಿಗೆ. ಯಾಕೆಂದರೆ ಮಂದಣ್ಣ ಕಾಡಿನಲ್ಲಿ ಕಂಡದ್ದನ್ನು ಕಂಡ ಹಾಗೇ ಹೇಳುತ್ತಾನೆ. ಅವರೆಲ್ಲ ಹುಡುಕಿಕೊಂಡು ಹೋಗುವುದು ಹಾರುವ ಓತಿಯನ್ನು. ಹಾರುವ ಓತಿ ನಮ್ಮ ಕಡೆಯ ಅಡಿಕೆ ತೋಟಗಳಲ್ಲೂ ಇದೆ! ಮಗಳಿಗೆ ಹೇಳಿ, ಬಿಸಿಲು ಏರಿದ ಮೇಲೆ ಅಡಿಕೆ ಮರದ ಕಾಂಡ ನೋಡುತ್ತಾ ನಿಲ್ಲಲಿ. ತೊಗಟೆಯದ್ದೇ ಬಣ್ಣ, ಬೇಗ ಕಾಣುವುದಿಲ್ಲ. ಗಂಡು ಓತಿ ಗಂಟಲಿನ ಹಳದಿ ಚೀಲವನ್ನು ಬಿಚ್ಚಿ ಮುಚ್ಚಿ ಮಾಡುವಾಗ ಸಿಕ್ಕಿಬೀಳುತ್ತದೆ. ಇರುವೆ ತಿಂದುಕೊಂಡು ಮರದಲ್ಲೇ ಇರುತ್ತದೆ. ಹೆಣ್ಣು ಮೊಟ್ಟೆಯಿಡಲು ಮಾತ್ರ ನೆಲಕ್ಕೆ ಇಳಿಯುತ್ತದೆ.

ಪಟ್ಟಿಯಲ್ಲಿ ರೇಚಲ್ ಕಾರ್ಸನ್ ಅವರ 1962ರ ‘ಸೈಲೆಂಟ್ ಸ್ಪ್ರಿಂಗ್’ ಯಾಕೆ, ಅದರಲ್ಲಿ ಪ್ರಾಣಿಯ ಕತೆಯೇ ಇಲ್ಲ ಎಂದು ಇನ್ನೊಬ್ಬರು ಫೋನಿನಲ್ಲಿ ಕೇಳಿದರು. ಇದೆ. ಅಮೆರಿಕದ ಪೇಟೆಗಳಲ್ಲಿ ಮರಗಳಿಗೆ ಡಿಡಿಟಿ ಎಂಬ ಕೀಟನಾಶಕ ಹೊಡೆದರು. ಅದು ಎಲೆಯಿಂದ ಎರೆಹುಳಕ್ಕೆ ಹೋಯಿತು. ಎರೆಹುಳ ತಿಂದ ಹಕ್ಕಿಗಳು ಸತ್ತವು. ಇದನ್ನು ಓದುವಾಗ ನನಗೆ ಅಮೆರಿಕ ನೆನಪಾಗುವುದಿಲ್ಲ. ಕಾಸರಗೋಡು, ಕೊಕ್ಕಡ, ಪಟ್ರಮೆ ನೆನಪಾಗುತ್ತವೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಹೊಡೆದಾಗ ಮೊದಲು ಸತ್ತದ್ದು ಜೇನುನೊಣ, ಮೀನು. ಸೊಟ್ಟ ಕಾಲಿನ ಕರುಗಳು ಹುಟ್ಟಿದ್ದನ್ನು ಗಮನಿಸಿ ಬರೆದವರು ಪತ್ರಕರ್ತ ಶ್ರೀ ಪಡ್ರೆ. ಆ ಊರುಗಳಲ್ಲಿ ಊನಗಳೊಂದಿಗೆ ಹುಟ್ಟಿದ ಮಕ್ಕಳ ಸಂಕಟ ಜಗತ್ತಿಗೆ ಗೊತ್ತಾಗಲು ಬಹಳ ಕಾಲ ಹಿಡಿಯಿತು. ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ನಿಲ್ಲಿಸಿದ್ದು 2011ರಲ್ಲಿ. ಕರುವಿನ ಕಾಲು ನೋಡಿದಾಗಲೇ ನಾಲ್ಕು ಜನ ತಲೆಕೆಡಿಸಿಕೊಂಡಿದ್ದರೆ ಎಷ್ಟೋ ಮನೆಗಳ ಕತೆ ಬೇರೆಯಾಗುತ್ತಿತ್ತು. ಪ್ರಾಣಿಗಳನ್ನು ನೋಡುವುದು ಪುರುಸೊತ್ತು ಇರುವವರ ಹವ್ಯಾಸ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ನಮ್ಮ ಕರಾವಳಿಯವರಿಗೆ ಭಕ್ತಿಗೇನೂ ಕಡಿಮೆ ಇಲ್ಲ. ಕೋಲದಲ್ಲಿ ಹಂದಿ ರೂಪದ ದೈವ ಪಂಜುರ್ಲಿಗೆ ಕೈಮುಗಿಯುತ್ತೇವೆ, ಮರುದಿನ ಹಂದಿಗೆ ಉರುಳು ಇಡುತ್ತೇವೆ. ಆ ಉರುಳಿಗೆ ಹಂದಿಯ ಬದಲು ಚಿರತೆ ಬಿದ್ದು ಒದ್ದಾಡಿ ಸಾಯುತ್ತದೆ. ನಾಗರ ಪಂಚಮಿಗೆ ನಾಗನಿಗೆ ಹಾಲಿನ ತನು ಎರೆಯುತ್ತೇವೆ. ಹಾವಿಗೆ ಹಾಲು ಆಹಾರವೇ ಅಲ್ಲ, ಅದಕ್ಕೆ ಬೇಕಾದದ್ದು ಕಪ್ಪೆ, ಇಲಿ, ತಂಪು ನೆರಳು. ನಾಗಬನದ ಮರ ಕಡಿದು ಗ್ರಾನೈಟ್ ಹಾಸಿದ ಮೇಲೆ ಹಾವು ಎಲ್ಲಿರಬೇಕು? ಹೆಚ್ಚು ಹೇಳಿದರೆ ನಾಳೆ ಇನ್ನೊಂದು ಕಂತೆ ಕಾಗದ ಬರುತ್ತದೆ. ಬರಲಿ.

ಹಂದಿ ಓಡಿಸುವ ಉಪಾಯ ಈ ಯಾವ ಪುಸ್ತಕದಲ್ಲೂ ಇಲ್ಲ, ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಬೆಳೆ ಹೋದದ್ದಕ್ಕೆ ಅರಣ್ಯ ಇಲಾಖೆಯ ಪರಿಹಾರ ಇದೆ, ಅರ್ಜಿ ಹಾಕಿ. ಪಹಣಿ, ಫೋಟೋ ಅಂತ ಓಡಾಡಿಸುತ್ತಾರೆ, ಆದರೂ ಹಾಕಿ. ದಾಖಲಾಗದ ನಷ್ಟ ಸರಕಾರದ ಲೆಕ್ಕದಲ್ಲಿ ನಷ್ಟವೇ ಅಲ್ಲ.

ಮಗಳಿಗೆ ಮೊದಲು ತೇಜಸ್ವಿಯವರ ‘ಪರಿಸರದ ಕತೆ’ ಕೊಡಿ. ಕಿವಿ ಎಂಬ ನಾಯಿ ಅವಳಿಗೆ ಇಷ್ಟವಾಗುತ್ತದೆ, ಮನೆಯಲ್ಲಿ ಈಗ ನಾಯಿ ಇಲ್ಲದ್ದರಿಂದ ಸ್ವಲ್ಪ ಅಳುವೂ ಬಂದೀತು. ಆಮೇಲೆ ಕಾರ್ಬೆಟ್. ‘ಕರ್ವಾಲೊ’ ರಜೆಗೆ ಇರಲಿ.

ಗದ್ದೆ ಹುಣಿಯಲ್ಲಿ ಕೂತವರು ಬರೆದದ್ದು ಕಡಿಮೆ ಎಂಬ ನಿಮ್ಮ ದೂರು ಮಾತ್ರ ನಿಜ. ಅದಕ್ಕೆ ನೀವೇ ಬರೆಯಿರಿ. ಹಂದಿ ಯಾವ ತಿಂಗಳು ಬರುತ್ತದೆ, ಯಾವ ಕಡೆಯಿಂದ, ಒಂಟಿಯೋ ಹಿಂಡೋ, ಬೇಸಾಯವಿಲ್ಲದೆ ಹಡಿಲು ಬಿದ್ದ ಪಕ್ಕದ ಗದ್ದೆಯಲ್ಲಿ ಹಗಲು ಮಲಗುತ್ತದೆಯೋ, ಎಷ್ಟು ಭತ್ತ ಹೋಯಿತು, ಏನು ಮಾಡಿ ನೋಡಿದಿರಿ, ಯಾವುದು ನಡೆಯಲಿಲ್ಲ. ಬೈಗುಳವೂ ಇರಲಿ, ಅಚ್ಚು ಮಾಡಬಹುದಾದಷ್ಟು. ಎರಡು ಪುಟ ಕಾದಿರಿಸುತ್ತೇನೆ. ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ಸಿಕ್ಕಿದರೆ ಆ ಸಂಚಿಕೆಗೇ ಸೇರಿಸಬಹುದು.